ಮೂರು ತಿಂಗಳು ಬೇರೆ ಕಡೆ ಹೋಗಿ ಕ್ಲೈಂಬಿಂಗ್, ಸೈಕ್ಲಿಂಗ್ ಮಾಡೋಕೆ ಯಾವ ಸೀಸನ್ ಒಳ್ಳೇದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಕೆಲಸವೆಲ್ಲ ಲ್ಯಾಪ್‌ಟಾಪ್ ಮೇಲೆ, ಎಲ್ಲಿ ಕೂತು ಬೇಕಾದರೂ ಮಾಡಬಹುದು. ಮೂರು ತಿಂಗಳ ಮಟ್ಟಿಗೆ ಬೆಟ್ಟದ ಸೀಮೆಯ ಯಾವುದಾದರೂ ಊರಲ್ಲಿ ಇರಬೇಕು. ಬಂಡೆ ಹತ್ತುವುದು ಮತ್ತು ಮೌಂಟನ್ ಬೈಕಿಂಗ್ ಮುಖ್ಯ, ಆದರೆ ಕಯಾಕಿಂಗ್ (ಸಣ್ಣ ದೋಣಿಯಲ್ಲಿ ಹುಟ್ಟು ಹಾಕುವುದು) ಕೂಡ. ಮೂರರಲ್ಲೂ ಇನ್ನೂ ಕಲಿಯುವ ಹಂತ. ಜಾಗ ಆಮೇಲೆ ನೋಡ್ಕೋತೀನಿ, ಮೊದಲು ಸೀಸನ್ ಹೇಳಿ ಅಂದಿದ್ದೀರಿ.

ಈ ಥರ ತಿಂಗಳುಗಟ್ಟಲೆ ಹೋಗಿ ಇದ್ದು ಬರುವ ಹುಚ್ಚು ನನಗೂ ಇದೆ, ಅದಕ್ಕೇ ನೇರವಾಗಿ ಹೇಳಿಬಿಡುತ್ತೇನೆ. ಉತ್ತರಾರ್ಧಗೋಳದಲ್ಲಿ ಚಳಿಗಾಲಕ್ಕೆ ಹಿಮ ಬೀಳುವಂಥ ಜಾಗವಾದರೆ ಆಗಸ್ಟ್ ಮಧ್ಯಕ್ಕೆ ಹೋಗಿ, ನವೆಂಬರ್ ಶುರುವಿಗೆ ಹೊರಡಿ. ದಕ್ಷಿಣಾರ್ಧಗೋಳವಾದರೆ ಫೆಬ್ರವರಿ ಮಧ್ಯದಿಂದ ಮೇ ಶುರುವಿನವರೆಗೆ. ಮಳೆಗಾಲ ಇರುವ ಬೆಟ್ಟಗಳ ಲೆಕ್ಕ ಬೇರೆ, ಅದನ್ನು ಕೆಳಗೆ ಹೇಳಿದ್ದೇನೆ.

ಎಲ್ಲರೂ 'ಬೆಸ್ಟ್ ತಿಂಗಳು' ಯಾವುದು ಅಂತ ಹುಡುಕುತ್ತಾರೆ, ಸರಿಯಾಗಿ ಆ ತಿಂಗಳ ಒಂದನೇ ತಾರೀಖಿಗೆ ಬಂದು ಇಳಿಯುತ್ತಾರೆ. ಹತ್ತು ದಿನದ ರಜೆಗೆ ಅದು ಸರಿ. ಮೂರು ತಿಂಗಳಿಗೆ ಅದು ತಲೆಕೆಳಗಾದ ಲೆಕ್ಕ. ಮೊದಲ ಎರಡು ಮೂರು ವಾರ ಮನೆ, ಇಂಟರ್‌ನೆಟ್, ಜೊತೆಗೆ ಬರುವವರು ಯಾರು, ದಾರಿ ಯಾವುದು ಅನ್ನುವುದರಲ್ಲೇ ಹೋಗುತ್ತದೆ. ಬೆರಳಿನ ಚರ್ಮ ಇನ್ನೂ ಮೆತ್ತಗಿರುತ್ತದೆ, ಒಂದು ದಿನ ಹತ್ತಿದರೆ ಎರಡು ದಿನ ಉರಿ. ಎತ್ತರದ ಜಾಗವಾದರೆ ಉಸಿರು ಹೊಂದಿಕೊಳ್ಳಲು ಕೂಡ ಸಮಯ ಬೇಕು. ನೀವು ಪಳಗುವಷ್ಟರಲ್ಲಿ ಒಳ್ಳೆಯ ಹವೆ ಕೈಬಿಟ್ಟು ಹೋಗಿರುತ್ತದೆ. ಹಾಗಾಗಿ ಸೀಸನ್ನಿನ ಹದ ನಿಮ್ಮ ಎರಡನೇ ತಿಂಗಳಿಗೆ ಬೀಳುವ ಹಾಗೆ ನೋಡಿಕೊಳ್ಳಿ. ಸೆಕೆ ಜಾಸ್ತಿ ಇರುವ ಆಗಸ್ಟ್ ಕೊನೆಯ ದಿನಗಳು ಮೈ ಪಳಗಿಸಲು, ಸೆಪ್ಟೆಂಬರ್ ಮತ್ತು ಅಕ್ಟೋಬರ್ ನಿಜವಾದ ಆಟಕ್ಕೆ.

ಬಂಡೆ ಹತ್ತುವವರಿಗೆ ಸೆಕೆಯೇ ದೊಡ್ಡ ಶತ್ರು. ಇದು ಹೊಸಬರಿಗೆ ಬೇಗ ಹೊಳೆಯುವುದಿಲ್ಲ. ಬಿಸಿಲು, ನೀಲಿ ಆಕಾಶ ಅಂದರೆ ಒಳ್ಳೆಯ ದಿನ ಅಂದುಕೊಳ್ಳುತ್ತಾರೆ. ಜುಲೈನ ಮಧ್ಯಾಹ್ನ ಎರಡು ಗಂಟೆಗೆ ದಕ್ಷಿಣಕ್ಕೆ ಮುಖ ಮಾಡಿದ ಬಂಡೆ ಮುಟ್ಟಿ ನೋಡಿ. ಕೈಗೆ ಚಾಕ್ ಹಚ್ಚಿ ಹಿಡಿತಕ್ಕೆ ಬೆರಳು ಇಟ್ಟಿರುತ್ತೀರಿ, ಮೂರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಆ ಬಿಳಿ ಪುಡಿ ಬೆವರಿಗೆ ಕರಗಿ ಬೂದು ಬಣ್ಣದ ಪೇಸ್ಟ್ ಆಗಿರುತ್ತದೆ. ಬೆರಳು ಮೆಲ್ಲಗೆ, ಮಿಲಿಮೀಟರ್ ಮಿಲಿಮೀಟರ್ ಆಗಿ ಜಾರುವುದು ಗೊತ್ತಾಗುತ್ತದೆ. ಶೂವಿನ ರಬ್ಬರ್ ಕೂಡ ಬಿಸಿಗೆ ಮೆತ್ತಗಾಗಿ ಸಣ್ಣ ಅಂಚಿನ ಮೇಲೆ ನಿಲ್ಲುವುದಿಲ್ಲ. ಅದೇ ಬಂಡೆ, ಅದೇ ಹಿಡಿತ, ಅಕ್ಟೋಬರ್ ಬೆಳಿಗ್ಗೆ ಅಂಟಿಕೊಂಡ ಹಾಗೆ ಕೂರುತ್ತದೆ. ಪ್ಯಾರಿಸ್ ಹತ್ತಿರದ ಫೌಂಟೇನ್‌ಬ್ಲೋ ಕಾಡಿನಲ್ಲಿ ಪಳಗಿದವರು ಕಷ್ಟದ ಬಂಡೆಗಳನ್ನು ಚಳಿಯ ತಿಂಗಳಿಗೇ ಎತ್ತಿಟ್ಟುಕೊಳ್ಳುವುದು ಇದಕ್ಕೇ. ಅಂದ ಹಾಗೆ ಅಲ್ಲಿನದು ಮರಳುಗಲ್ಲು. ಮಳೆ ಬಂದಮೇಲೆ ಪೂರ್ತಿ ಒಣಗುವವರೆಗೆ ಮರಳುಗಲ್ಲನ್ನು ಹತ್ತಬಾರದು, ನೀರು ಕುಡಿದ ಕಲ್ಲಿನ ಹಿಡಿತಗಳು ಮುರಿದೇ ಹೋಗುತ್ತವೆ. ನೀವು ಹೋಗುವ ಕಡೆ ಯಾವ ಕಲ್ಲು ಅಂತ ಮೊದಲೇ ತಿಳಿದುಕೊಳ್ಳಿ. ಗ್ರಾನೈಟ್ ಆದರೆ ಮಳೆ ನಿಂತ ಕೆಲ ಗಂಟೆಗಳಲ್ಲಿ ಒಣಗುತ್ತದೆ, ಮರಳುಗಲ್ಲಾದರೆ ದಿನಗಳೇ ಹೋಗಬಹುದು.

ಸೀಸನ್ ಅನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಬೇಡಿ, ಎತ್ತರದಲ್ಲೂ ನೋಡಿ. ಪ್ರತಿ ಸಾವಿರ ಮೀಟರ್ ಮೇಲೇರಿದಂತೆ ತಾಪಮಾನ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಯೊಸೆಮಿಟಿ ಇದಕ್ಕೆ ಒಳ್ಳೆಯ ಉದಾಹರಣೆ. ಕಣಿವೆಯ ತಳ ಸುಮಾರು 1,200 ಮೀಟರ್, ಬೇಸಿಗೆಯಲ್ಲಿ ಅಲ್ಲಿ ಬಂಡೆ ಕಾದು ಹೋಗುತ್ತದೆ. ಆಗ ಎಲ್ಲರೂ ಅಲ್ಲೇ ಮೇಲಿರುವ, ಸುಮಾರು 2,600 ಮೀಟರಿನ ಟುವಾಲಮಿ ಕಡೆಗೆ ಹತ್ತುತ್ತಾರೆ. ಚಳಿಗಾಲದಲ್ಲಿ ಹಿಮದಿಂದಾಗಿ ಮೇಲಿನ ರಸ್ತೆಯೇ ಬಂದ್. ಆಲ್ಪ್ಸ್‌ನಲ್ಲೂ ಅಷ್ಟೇ, 2,757 ಮೀಟರಿನ ಸ್ಟೆಲ್ವಿಯೋ ಘಾಟಿ ಚಳಿಗಾಲ ಪೂರ್ತಿ ಮುಚ್ಚಿರುತ್ತದೆ, ಬೇಸಿಗೆಯಲ್ಲಿ ಸೈಕಲ್ ಸವಾರರ ಜಾತ್ರೆ. ಹಾಗಾಗಿ ಒಂದೇ ಎತ್ತರದ ಬಯಲು ಊರಿಗಿಂತ, ಮೇಲೆ ಕೆಳಗೆ ಎರಡೂ ಕಡೆ ಆಟಕ್ಕೆ ಜಾಗ ಇರುವ ಕಣಿವೆ ಊರು ವಾಸಿ. ಆಗಸ್ಟಿನಲ್ಲಿ ಮೇಲೆ ಹೋಗಿ, ಅಕ್ಟೋಬರಿನಲ್ಲಿ ಕೆಳಗಿಳಿಯಿರಿ. ಸೀಸನ್ ತಾನಾಗಿಯೇ ಉದ್ದವಾಗುತ್ತದೆ.

ನೀರಿನ ವಿಷಯಕ್ಕೆ ಬಂದರೆ ನನ್ನ ಸಲಹೆ ಸ್ವಲ್ಪ ಕುಂಟುತ್ತದೆ. ಹಿಮ ಕರಗಿ ಹರಿಯುವ ನದಿಗಳಿಗೆ ಮೇ, ಜೂನ್‌ನಲ್ಲಿ ಜೋರು. ಸೆಪ್ಟೆಂಬರ್ ಹೊತ್ತಿಗೆ ತುಂಬಾ ನದಿಗಳು ಬಡಕಲಾಗಿರುತ್ತವೆ. ಕಯಾಕಿಂಗೇ ಮುಖ್ಯ ಅಂದಿದ್ದರೆ ನಾನು ಬೇರೆ ಉತ್ತರ ಬರೆಯುತ್ತಿದ್ದೆ. ಆದರೆ ನೀವು ಕಲಿಯುವವರು, ಇಳಿದ ನೀರು ನಿಮಗೆ ಲಾಭವೇ. ಹಿಮನದಿಯಿಂದ ಹುಟ್ಟುವ ಹೊಳೆಯಾದರೆ ಇನ್ನೊಂದು ಗಮನಿಸಿ. ಬೆಳಿಗ್ಗೆ ದಡದ ಹತ್ತಿರ ಒಂದು ಕಲ್ಲು ಗುರುತಿಟ್ಟುಕೊಳ್ಳಿ. ಬಿಸಿಲು ಕಾದ ದಿನ ಸಂಜೆ ಐದಕ್ಕೆ ಹೋದರೆ ಆ ಕಲ್ಲು ಕಾಣುವುದೇ ಇಲ್ಲ, ನೀರು ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿ ಸದ್ದೇ ಬೇರೆ ಆಗಿರುತ್ತದೆ. ಮಧ್ಯಾಹ್ನ ಕರಗಿದ್ದು ಸಂಜೆಗೆ ಕೆಳಗೆ ಬಂದು ಮುಟ್ಟುತ್ತದೆ. ಅಂಥ ಹೊಳೆಗೆ ಬೆಳಿಗ್ಗೆಯೇ ಇಳಿಯಬೇಕು. ಸಮುದ್ರ ಹತ್ತಿರವಿದ್ದರೆ ಅದು ಗಾಳಿಗಿಂತ ನಿಧಾನ. ಗಾಳಿ ಜುಲೈನಲ್ಲಿ ಕಾದರೆ ನೀರು ಬೆಚ್ಚಗಾಗುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ. ಜೂನ್‌ಗಿಂತ ಸೆಪ್ಟೆಂಬರ್ ಸಮುದ್ರ ಎಷ್ಟೋ ಮೇಲು.

ಈಗ ನಿಮ್ಮ ವಿಷಯದಲ್ಲಿ ನಿಜಕ್ಕೂ ತಲೆ ಕೆಡಿಸಿಕೊಳ್ಳಬೇಕಾದ ಮಾತು: ಬೆಳಕು. ದಿನವಿಡೀ ಕೆಲಸ ಮಾಡುವವರಿಗೆ ಹವೆ ಎಷ್ಟು ಚೆನ್ನಾಗಿದ್ದರೇನು, ಲ್ಯಾಪ್‌ಟಾಪ್ ಮುಚ್ಚುವ ಹೊತ್ತಿಗೆ ಕತ್ತಲಾದರೆ? ಆಲ್ಪ್ಸ್‌ನಷ್ಟು ಉತ್ತರದಲ್ಲಿ ಆಗಸ್ಟ್ ಮಧ್ಯಕ್ಕೆ ಸುಮಾರು 14 ಗಂಟೆ ಹಗಲು, ನವೆಂಬರ್ ಶುರುವಿಗೆ ಸುಮಾರು 10. ಸೆಪ್ಟೆಂಬರಿನಲ್ಲಿ ದಿನಕ್ಕೆ ಮೂರು ನಿಮಿಷದಷ್ಟು ಬೆಳಕು ಕಳೆದುಕೊಳ್ಳುತ್ತೀರಿ. ಸಾಲದ್ದಕ್ಕೆ ಯುರೋಪಿನಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಸಂಜೆ ಆಟ ಅವತ್ತಿಗೇ ಮುಗಿಯಿತು. ನಾನು ಆ ಭಾನುವಾರವನ್ನೇ ಸೀಸನ್ನಿನ ಕೊನೆ ಅಂತ ಲೆಕ್ಕ ಹಾಕುತ್ತೇನೆ. ಉಳಿದ ದಿನಗಳು ವಾರಾಂತ್ಯಕ್ಕೆ ಮತ್ತು ಗಂಟುಮೂಟೆ ಕಟ್ಟಲು.

ಇದಕ್ಕೆ ಒಂದು ಉಪಾಯ ಇದೆ. ನಿಮ್ಮ ಆಫೀಸು ಇರುವ ಕಡೆಗಿಂತ ಪಶ್ಚಿಮಕ್ಕೆ ಹೋಗಿ. ಮೂರು ನಾಲ್ಕು ಗಂಟೆ ಪಶ್ಚಿಮಕ್ಕೆ ಹೋದರೆ ನಿಮ್ಮ ಕೆಲಸ ನಸುಕಿನಲ್ಲಿ ಶುರುವಾಗಿ ಮಧ್ಯಾಹ್ನಕ್ಕೇ ಮುಗಿಯುತ್ತದೆ, ಮಿಕ್ಕ ಬೆಳಕೆಲ್ಲ ನಿಮ್ಮದು. ಪೂರ್ವಕ್ಕೆ ಹೋದರೆ ಬೆಳಿಗ್ಗೆ ಸಿಗುತ್ತದೆ, ಅದೂ ಕೆಟ್ಟದ್ದಲ್ಲ, ಆದರೆ ರಾತ್ರಿ ಮೀಟಿಂಗ್ ಮುಗಿಸಿ ಮಲಗಿದವರು ಬೆಳಗಾಗುವ ಮೊದಲೇ ಎದ್ದು ಸೈಕಲ್ ಹತ್ತುವುದು ಒಂದೆರಡು ವಾರದ ಉತ್ಸಾಹ ಅಷ್ಟೇ. ಸೀಸನ್ ಆರಿಸುವಷ್ಟೇ ಯೋಚನೆ ಈ ದಿಕ್ಕಿಗೂ ಕೊಡಿ.

ಉದ್ದದ ಹಗಲು ಬೇಕು ಅಂತ ನಡುಬೇಸಿಗೆಯಲ್ಲೇ ಹೋಗಬಹುದಲ್ವಾ ಅಂತ ಕೇಳಬಹುದು. ಹೋಗಬಹುದು, ಆದರೆ ಅದಕ್ಕೂ ಬೆಲೆ ತೆರಬೇಕು. ಕೊಲೊರಾಡೋದ ಎತ್ತರದ ಬೆಟ್ಟಗಳಲ್ಲಿ ಜುಲೈ, ಆಗಸ್ಟ್‌ನ ಮಧ್ಯಾಹ್ನ ಗುಡುಗು ಸಿಡಿಲು ಎಷ್ಟು ಮಾಮೂಲಿ ಅಂದರೆ, ಮಧ್ಯಾಹ್ನದೊಳಗೆ ಶಿಖರ ಬಿಟ್ಟು ಇಳಿದಿರಬೇಕು ಅನ್ನುವುದು ಅಲ್ಲಿ ರೂಢಿ. ದಕ್ಷಿಣ ಅಮೆರಿಕದ ದಕ್ಷಿಣ ತುದಿಯ ಪ್ಯಾಟಗೋನಿಯಾದಲ್ಲಿ ಹಗಲು ಉದ್ದವಾಗಿರುವ ಬೇಸಿಗೆಯಲ್ಲೇ ಗಾಳಿ ಅತಿ ಜೋರು, ಮಾರ್ಚ್, ಏಪ್ರಿಲ್‌ಗೆ ತಗ್ಗುತ್ತದೆ.

ಮಳೆಗಾಲದ ಬೆಟ್ಟಗಳು, ಅಂದರೆ ಹಿಮಾಲಯದ ದಕ್ಷಿಣ ಮಗ್ಗುಲು: ಸೆಪ್ಟೆಂಬರ್ ಮಧ್ಯಕ್ಕೆ ಬಂದು ಡಿಸೆಂಬರ್ ಮಧ್ಯದವರೆಗೆ ಇರಿ. ಮೊದಲ ದಿನಗಳಲ್ಲಿ ದಾರಿ ಕೆಸರು, ಅಲ್ಲಲ್ಲಿ ಗುಡ್ಡ ಕುಸಿದಿರುತ್ತದೆ, ಪರವಾಗಿಲ್ಲ, ಆಗ ಪಳಗಿಕೊಳ್ಳಿ. ಅಕ್ಟೋಬರ್, ನವೆಂಬರಿನಲ್ಲಿ ಆಕಾಶ ತಿಳಿಯಾಗುತ್ತದೆ. ಮಳೆಗಾಲದ ನಡುವೆ ಮಾತ್ರ ಬೇಡ. ಋಷಿಕೇಶದಲ್ಲಿ ರಾಫ್ಟಿಂಗ್, ಹಿಮಾಚಲದ ಬೀರ್ ಬಿಲ್ಲಿಂಗ್‌ನಲ್ಲಿ ಪ್ಯಾರಾಗ್ಲೈಡಿಂಗ್ ಎರಡನ್ನೂ ಆಗ ನಿಲ್ಲಿಸಿರುತ್ತಾರೆ.

ಮನೆ ವಿಷಯ. ಆಗಸ್ಟಿನಲ್ಲಿ ಯುರೋಪಿನ ಬೆಟ್ಟದ ಊರುಗಳು ರಜೆಯವರಿಂದ ತುಂಬಿರುತ್ತವೆ. ಮೊದಲ ಎರಡು ವಾರ ಊರಿಂದ ಸ್ವಲ್ಪ ದೂರ, ಸಿಕ್ಕ ಕಡೆ ಇರಿ. ಶಾಲೆ ಶುರುವಾದ ಮೇಲೆ ಊರು ಖಾಲಿಯಾಗುತ್ತದೆ, ಆಗ ತಿಂಗಳ ಲೆಕ್ಕದಲ್ಲಿ ಮಾತಾಡಿದರೆ ಮಾಲೀಕರೂ ಬಗ್ಗುತ್ತಾರೆ. ಆದರೆ ಸ್ಕೀ ಊರಾದರೆ ಒಂದು ಮಾತು ಕೇಳಿಕೊಳ್ಳಿ: ಬೆಟ್ಟದ ಮೇಲಕ್ಕೆ ಕರೆದೊಯ್ಯುವ ಲಿಫ್ಟುಗಳು ಯಾವ ದಿನ ನಿಲ್ಲುತ್ತವೆ? ಬೇಸಿಗೆ ಸೀಸನ್ ಮುಗಿದಮೇಲೆ ಹಿಮ ಬೀಳುವವರೆಗೆ ಎಷ್ಟೋ ಕಡೆ ಲಿಫ್ಟೂ ಇಲ್ಲ, ಅಂಗಡಿಯೂ ಇಲ್ಲ. ಸೈಕಲ್ ಏರಿಸಿಕೊಂಡು ಲಿಫ್ಟಿನಲ್ಲಿ ಮೇಲೆ ಹೋಗಿ ಇಳಿಯುವ ಆಸೆ ಇದ್ದರೆ ಆ ತಾರೀಖಿನಿಂದ ಹಿಂದಕ್ಕೆ ಎಣಿಸಿ.

ಕೊನೆಗೆ ವೀಸಾ. ಷೆಂಗನ್ ದೇಶಗಳಲ್ಲಿ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳು) ಅಲ್ಪಾವಧಿಗೆ ಬರುವ ಹೊರಗಿನವರಿಗೆ ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ. ಬಂದ ದಿನ, ಹೋದ ದಿನ ಎರಡೂ ಸೇರುತ್ತವೆ. ಆಗಸ್ಟ್ 10ಕ್ಕೆ ಇಳಿದರೆ ನವೆಂಬರ್ 7 ನಿಮ್ಮ 90ನೇ ದಿನ. ವಿಮಾನ ತಪ್ಪಿದರೂ ಇರಲಿ ಅಂತ ನಾಲ್ಕೈದು ದಿನ ಕೈಯಲ್ಲಿ ಉಳಿಸಿಕೊಂಡು ಟಿಕೆಟ್ ಮಾಡಿ. ಆ ವೀಸಾದಲ್ಲಿ ಕೂತು ಆಫೀಸ್ ಕೆಲಸ ಮಾಡಲು ಆ ದೇಶ ಒಪ್ಪುತ್ತದಾ ಅನ್ನುವುದನ್ನು ಟಿಕೆಟ್ ತೆಗೆಯುವ ಮೊದಲೇ ಅವರ ಕಾನ್ಸುಲೇಟಿನಲ್ಲಿ ಕೇಳಿ. ಜಾಗ ಎರಡು ಮೂರಕ್ಕೆ ಇಳಿದಮೇಲೆ ಹೆಸರು ಹಾಕಿ, ಅಲ್ಲಿನ ಎತ್ತರ, ಕಲ್ಲು ನೋಡಿ ತಾರೀಖು ಹಿಂದೆ ಮುಂದೆ ಮಾಡಬೇಕಾ ಅಂತ ಹೇಳುತ್ತೇನೆ.