ಧ್ವನಿ ಇದೆ, ಚಿತ್ರ ಇಲ್ಲ: ಟಿವಿ ರಿಪೇರಿ ಕುರಿತು ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಪ್ರಶ್ನೆ: ನಮ್ಮ 32 ಇಂಚಿನ ಎಲ್‌ಇಡಿ ಟಿವಿಗೆ ಐದು ವರ್ಷ ಆಗಿದೆ. ಈಗ ಆನ್ ಮಾಡಿದರೆ ಒಂದು ಕ್ಷಣ ಬೆಳಕು ಬಂದು ಪರದೆ ಕಪ್ಪಾಗುತ್ತದೆ. ಧ್ವನಿ ಚೆನ್ನಾಗಿದೆ, ರಿಮೋಟ್‌ನಿಂದ ಚಾನೆಲ್ ಕೂಡ ಬದಲಾಗುತ್ತದೆ. ಅಂಗಡಿಯವರು ಸೆಟ್ ಬಿಚ್ಚದೆಯೇ 'ಪ್ಯಾನೆಲ್ ಹೋಗಿದೆ, ಹೊಸ ಟಿವಿ ತಗೊಳ್ಳಿ' ಅಂದರು. ನಿಜವೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಬರೆದಿರುವ ಲಕ್ಷಣ ಪ್ಯಾನೆಲ್ಲಿನದಲ್ಲ, ಅಂದರೆ ಚಿತ್ರ ಮೂಡಿಸುವ ಗಾಜಿನದಲ್ಲ, ಅದರ ಹಿಂದೆ ಉರಿಯುವ ದೀಪದ್ದು, ಅಂದರೆ ಬ್ಯಾಕ್‌ಲೈಟಿನದು. ಹೊಸ ಟಿವಿಗೆ ದುಡ್ಡು ಕೊಡುವ ಮೊದಲು ಮನೆಯಲ್ಲೇ ಟಾರ್ಚ್ ಪರೀಕ್ಷೆ ಮಾಡಿ. ಐದು ನಿಮಿಷದ ಕೆಲಸ, ಏನನ್ನೂ ಬಿಚ್ಚಬೇಕಿಲ್ಲ.

ರಾತ್ರಿ ಕೋಣೆಯ ದೀಪ ಆರಿಸಿ, ಟಿವಿ ಆನ್ ಮಾಡಿ. ಧ್ವನಿ ಬಂದ ಮೇಲೆ ರಿಮೋಟ್‌ನ ಮೆನು ಗುಂಡಿ ಒತ್ತಿ. ಮೊಬೈಲ್ ಟಾರ್ಚನ್ನು ಪರದೆಗೆ ಎರಡು–ಮೂರು ಸೆಂಟಿಮೀಟರ್ ಹತ್ತಿರ ಓರೆಯಾಗಿ ಹಿಡಿದು ನಿಧಾನವಾಗಿ ಸರಿಸುತ್ತಾ ಹೋಗಿ. ಬೆಳಕು ಬಿದ್ದ ಜಾಗದಲ್ಲಿ ಮೆನುವಿನ ಅಕ್ಷರ ಅಥವಾ ಚಾನೆಲ್ಲಿನ ಚಿತ್ರ ಮಸುಕಾಗಿ ಕಂಡರೆ ಪ್ಯಾನೆಲ್ ಜೀವಂತ ಇದೆ, ಹಿಂದಿನ ದೀಪ ಮಾತ್ರ ಸತ್ತಿದೆ. ಎಲ್‌ಇಡಿ ಟಿವಿ ಎಂದು ನಾವು ಕರೆಯುವುದು ಅಸಲಿಗೆ ಎಲ್‌ಸಿಡಿ ಟಿವಿಯೇ. ಚಿತ್ರ ಮೂಡಿಸುವುದು ಎಲ್‌ಸಿಡಿ ಗಾಜು, ಅದಕ್ಕೆ ಹಿಂದಿನಿಂದ ಬೆಳಕು ಕೊಡುವುದು ಎಲ್‌ಇಡಿ ಪಟ್ಟಿಗಳು, ಅಂದರೆ ಸ್ಟ್ರಿಪ್‌ಗಳು.

ಈ ಸ್ಟ್ರಿಪ್‌ಗಳ ಎಲ್‌ಇಡಿಗಳು ಒಂದರ ಹಿಂದೆ ಒಂದು, ಸೀರೀಸ್‌ನಲ್ಲಿ ಇರುತ್ತವೆ. ಗಣೇಶನ ಹಬ್ಬದ ಹಳೇ ಸೀರಿಯಲ್ ಸೆಟ್‌ನಲ್ಲಿ ಒಂದು ಬಲ್ಬ್ ಹೋದರೆ ಇಡೀ ಸಾಲು ಆರುವ ಹಾಗೆ, ಇಲ್ಲೂ ಒಂದು ಎಲ್‌ಇಡಿ ಕಡಿದರೆ ಇಡೀ ಸಾಲಿಗೆ ಕರೆಂಟ್ ಹರಿಯುವುದಿಲ್ಲ. ಆಗ ದೀಪ ಉರಿಸುವ ಡ್ರೈವರ್ ಸರ್ಕ್ಯೂಟ್ ವೋಲ್ಟೇಜ್ ಏರಿಸುತ್ತಾ ಹೋಗಿ, ಮಿತಿ ದಾಟಿದೊಡನೆ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ. ಎರಡು ಸಾಲುಗಳಲ್ಲಿ ಒಂದು ಮಾತ್ರ ಕಡಿದಿದ್ದರೆ, ಅಥವಾ ಬಿಸಿಯಾದ ಕೂಡಲೇ ಸಂಪರ್ಕ ಬಿಡುವ ಎಲ್‌ಇಡಿ ಇದ್ದರೆ, ನಿಮ್ಮ ಸೆಟ್‌ನ ಹಾಗೆ ಒಂದು ಕ್ಷಣ ಬೆಳಗಿ ಆರುತ್ತದೆ. ಮದರ್‌ಬೋರ್ಡ್ ಮತ್ತು ಸ್ಪೀಕರ್‌ಗೆ ಇದರ ಗೊಡವೆಯೇ ಇಲ್ಲ, ಹಾಗಾಗಿ ಧ್ವನಿ ಬರುತ್ತಲೇ ಇರುತ್ತದೆ.

ಸ್ಟ್ರಿಪ್ ಹೋಗಿದೆಯೋ ಡ್ರೈವರ್ ಹೋಗಿದೆಯೋ ಎಂಬುದನ್ನು ಮೆಕ್ಯಾನಿಕ್ ಮಲ್ಟಿಮೀಟರಿನಿಂದಲೇ ಹೇಳಬಹುದು. ಹಿಂಬದಿಯ ಕವರ್ ತೆಗೆದು ಬ್ಯಾಕ್‌ಲೈಟ್ ಕನೆಕ್ಟರಿನಲ್ಲಿ ಡಿಸಿ ವೋಲ್ಟೇಜ್ ಅಳೆಯಬೇಕು. ಆನ್ ಮಾಡಿದಾಗ ವೋಲ್ಟೇಜ್ ಜಿಗಿದು ಒಡನೆಯೇ ಕುಸಿದರೆ ಡ್ರೈವರ್ ಸರಿಯಿದೆ, ಸ್ಟ್ರಿಪ್ ಕಡಿದಿದೆ. ಏರುವುದೇ ಇಲ್ಲವೆಂದರೆ ಡ್ರೈವರ್ ಕೆಟ್ಟಿರಬಹುದು, ಅಥವಾ ಮದರ್‌ಬೋರ್ಡಿನಿಂದ 'ದೀಪ ಹಚ್ಚು' ಎಂಬ ಮೂರು–ಐದು ವೋಲ್ಟಿನ ಸಿಗ್ನಲ್ ಬರುತ್ತಿಲ್ಲದಿರಬಹುದು. ಆ ಕನೆಕ್ಟರಿನಲ್ಲಿ ನೂರು ವೋಲ್ಟ್ ದಾಟುವುದೂ ಉಂಟು, ಬರಿಗೈ ತಾಗಬಾರದು.

ಬಿಚ್ಚುವ ಮುನ್ನ ಇನ್ನೊಂದು ಅಪಾಯ ಗಮನದಲ್ಲಿರಲಿ. ಪವರ್ ಸಪ್ಲೈ ಬೋರ್ಡಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಡಿಸಿ ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಉಳಿಯಬಹುದು. ಸ್ಕ್ರೂಡ್ರೈವರ್ ಅಡ್ಡ ಇಟ್ಟು 'ಟಪ್' ಅನ್ನಿಸುವ ಅಭ್ಯಾಸ ಬೇಡ, ಬೋರ್ಡ್ ಸುಡುತ್ತದೆ, ಕಣ್ಣಿಗೂ ಅಪಾಯ. ಹೋಲ್ಡರಿನಲ್ಲಿ ಹಾಕಿದ ಹಳೇ ಗುಂಡು ಬಲ್ಬಿನ ಎರಡು ವೈರ್ ತಾಗಿಸಿ ಖಾಲಿ ಮಾಡಿ, ಮೀಟರಿನಲ್ಲಿ 10 ವೋಲ್ಟಿಗಿಂತ ಕಡಿಮೆ ಇದೆ ಎಂದು ನೋಡಿಕೊಂಡೇ ಕೈ ಹಾಕಬೇಕು. ಈ ಕೆಲಸದ ಪರಿಚಯ ಇಲ್ಲದವರು ಟಾರ್ಚ್ ಪರೀಕ್ಷೆಗೇ ನಿಲ್ಲಿಸಿ.

ಹೊಸ ಸ್ಟ್ರಿಪ್ ಕೊಳ್ಳುವಾಗ '32 ಇಂಚಿನದು ಕೊಡಿ' ಎಂದರೆ ಸಾಲದು. ಹಳೆಯ ಸ್ಟ್ರಿಪ್ ಮೇಲೆ ಅಚ್ಚಾಗಿರುವ ನಂಬರ್, ಉದ್ದ, ಎಲ್‌ಇಡಿಗಳ ಸಂಖ್ಯೆ, ಕನೆಕ್ಟರಿನ ಜಾಗ, ಸ್ಕ್ರೂ ತೂತುಗಳು, ಎಲ್ಲಕ್ಕಿಂತ ಮುಖ್ಯವಾಗಿ ಒಂದೊಂದು ಎಲ್‌ಇಡಿ 3 ವೋಲ್ಟಿನದೋ 6 ವೋಲ್ಟಿನದೋ ಎಂಬುದು ಹೊಂದಬೇಕು. ಹನ್ನೆರಡು ಎಲ್‌ಇಡಿ ಇರುವ ಸೆಟ್ಟಿಗೆ 6 ವೋಲ್ಟಿನವಾದರೆ ಸುಮಾರು 72 ವೋಲ್ಟ್ ಬೇಕು, 3 ವೋಲ್ಟಿನವಾದರೆ 36 ಸಾಕು. ತಪ್ಪು ಜಾತಿ ಹಾಕಿದರೆ ಉರಿಯುವುದೇ ಇಲ್ಲ, ಇಲ್ಲವೇ ಬೇಗ ಸುಡುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ 32 ಇಂಚಿನ ಒಂದು ಸೆಟ್ ಸ್ಟ್ರಿಪ್ ಸಾಮಾನ್ಯವಾಗಿ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಕೂಲಿ ಬೇರೆ. ಆ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಪ್ಯಾನೆಲ್ ಗಾಜನ್ನು ಎತ್ತಿ ಇಡುವುದು ಇಬ್ಬರು ಸೇರಿ ಮಾಡುವ ನಾಜೂಕಿನ ಕೆಲಸ. ಗಾಜಿನ ಅಂಚಿಗೆ ಅಂಟಿದ, ಕಾಗದದಷ್ಟು ತೆಳುವಾದ ರಿಬ್ಬನ್‌ಗಳಲ್ಲಿ ಒಂದು ಮಡಿಸಿ ಕಿತ್ತರೂ ಆಗ ನಿಜವಾಗಿಯೂ ಪ್ಯಾನೆಲ್ ಹೋಗುತ್ತದೆ. ಗಾಜಿನ ಕೆಳಗಿನ ಬಿಳಿ ಹಾಳೆಗಳನ್ನು ಯಾವ ಕ್ರಮದಲ್ಲಿ, ಯಾವ ಮಗ್ಗುಲಲ್ಲಿ ತೆಗೆದರೋ ಹಾಗೆಯೇ ಮರಳಿ ಇಡಬೇಕು. ಬೆರಳಚ್ಚು ಬಿದ್ದರೆ ಆ ಜಾಗದಲ್ಲಿ ಕಲೆ ಕಾಣುತ್ತದೆ.

ಪ್ರಶ್ನೆ: ನನ್ನ ಟಿವಿಯ ಸ್ಟ್ರಿಪ್ ಬದಲಿಸಿ ನಾಲ್ಕೇ ತಿಂಗಳು, ಮತ್ತೆ ಅದೇ ತೊಂದರೆ. ಕಳಪೆ ಮಾಲು ಹಾಕಿದ್ದಾರೆಯೇ?
— ಓದುಗರೊಬ್ಬರು, ಗದಗ

ಉತ್ತರ: ಮಾಲು ಕಳಪೆ ಇರಬಹುದು, ಆದರೆ ಮೊದಲು ಎರಡು ಪ್ರಶ್ನೆ ಕೇಳಿ. ಎಲ್ಲ ಸ್ಟ್ರಿಪ್ ಬದಲಿಸಿದರೇ, ಸುಟ್ಟ ಒಂದನ್ನು ಮಾತ್ರವೇ? ಒಂದನ್ನೇ ಬದಲಿಸಿದ್ದರೆ ಈಗ ಹೋಗಿರುವುದು ಹಳೆಯದೇ ಆಗಿರುವ ಸಾಧ್ಯತೆ ಹೆಚ್ಚು. ಒಂದೇ ಕಾವಿನಲ್ಲಿ ಅಷ್ಟೇ ವರ್ಷ ಉರಿದ ಎಲ್‌ಇಡಿಗಳು ಹೆಚ್ಚುಕಡಿಮೆ ಒಟ್ಟಿಗೇ ಮುಪ್ಪಾಗುತ್ತವೆ. ಸೆಟ್ ಪೂರ್ತಿ ಬದಲಿಸುವುದೇ ಸರಿ.

ಎರಡನೆಯದು, ಕರೆಂಟ್ ಕಡಿಮೆ ಮಾಡಿದ್ದಾರೆಯೇ? ಅಂಗಡಿಯಲ್ಲಿ ಫಳಫಳ ಹೊಳೆಯಲಿ ಎಂದು ಎಷ್ಟೋ ಸೆಟ್‌ಗಳ ಬ್ಯಾಕ್‌ಲೈಟ್ 100ರಲ್ಲೇ ಇರುತ್ತದೆ. ಎಲ್‌ಇಡಿ ಸಾಯುವುದು ಬಿಸಿಯಿಂದ, ಬಿಸಿ ಬರುವುದು ಕರೆಂಟಿನಿಂದ. ಪಿಕ್ಚರ್ ಸೆಟ್ಟಿಂಗಿನಲ್ಲಿ 'ಬ್ಯಾಕ್‌ಲೈಟ್' ಎಂಬುದನ್ನು 50–60ಕ್ಕೆ ಇಳಿಸಿ. 'ಬ್ರೈಟ್‌ನೆಸ್' ಬೇರೆ. ಬಹಳಷ್ಟು ಸೆಟ್‌ಗಳಲ್ಲಿ ಅದು ಚಿತ್ರದ ಕಪ್ಪನ್ನಷ್ಟೇ ಬದಲಿಸುತ್ತದೆ, ದೀಪದ ಕಾವು ಹಾಗೇ ಇರುತ್ತದೆ. ಅನುಭವಿ ಮೆಕ್ಯಾನಿಕ್ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ಡ್ರೈವರ್ ಐಸಿಯ ಪಕ್ಕದಲ್ಲಿ ಕರೆಂಟನ್ನು ನಿಗದಿ ಮಾಡುವ ಪುಟ್ಟ ರೆಸಿಸ್ಟರ್‌ಗಳು ಪ್ಯಾರಲಲ್ ಆಗಿ ಎರಡೋ ಮೂರೋ ಇರುತ್ತವೆ. ಅವುಗಳಲ್ಲಿ ಸರಿಯಾದ ಒಂದನ್ನು ತೆಗೆದರೆ ಒಟ್ಟು ರೆಸಿಸ್ಟೆನ್ಸ್ ಏರಿ ಕರೆಂಟ್ ಇಳಿಯುತ್ತದೆ. ಕಾಲು ಭಾಗದಷ್ಟು ಇಳಿಸಿದರೂ ಮನೆಯೊಳಗೆ ಚಿತ್ರ ಮಂಕೆನಿಸುವುದು ಕಡಿಮೆ, ಸ್ಟ್ರಿಪ್ ಬಾಳಿಕೆ ಮಾತ್ರ ಚೆನ್ನಾಗಿ ಹೆಚ್ಚುತ್ತದೆ.

ಸ್ಟ್ರಿಪ್ ಹಿಂಬದಿ ತಗಡಿಗೆ ಪೂರ್ತಿ ಅಂಟಿರಬೇಕು. ತಗಡೇ ಶಾಖ ಹೀರುವುದು. ಹಳೆಯ ಅಂಟನ್ನು ಕೆರೆದು ತೆಗೆಯದೆ ಮೇಲೆಯೇ ಹೊಸದನ್ನು ಕೂರಿಸಿದರೆ ನಡುವೆ ಗಾಳಿ ಉಳಿದು ಆ ಭಾಗದ ಎಲ್‌ಇಡಿ ಮೊದಲು ಸುಡುತ್ತದೆ. ರಿಪೇರಿಯಾದ ಟಿವಿಯಲ್ಲಿ ದುಂಡಗಿನ ಬಿಳಿ ಚುಕ್ಕೆ ಕಂಡರೆ ಅದು ಎಲ್‌ಇಡಿ ಮೇಲಿನ ಪ್ಲಾಸ್ಟಿಕ್ ಲೆನ್ಸ್ ಉದುರಿದ್ದು. ಮತ್ತೆ ಬಿಚ್ಚಿ ಅಂಟಿಸಬೇಕು.

ಪ್ರಶ್ನೆ: ನಮ್ಮ 43 ಇಂಚಿನ ಟಿವಿಯಲ್ಲಿ ಪರದೆ ಬೂದುಬಣ್ಣದಲ್ಲಿ ಬೆಳಗುತ್ತದೆ, ಚಿತ್ರ ಇಲ್ಲ, ಧ್ವನಿ ಇದೆ. ಹಿಂದೆ ಮೆಲ್ಲಗೆ ತಟ್ಟಿದರೆ ಒಮ್ಮೊಮ್ಮೆ ಚಿತ್ರ ಬರುತ್ತದೆ.
— ಓದುಗರೊಬ್ಬರು, ಮಲ್ಪೆ

ಉತ್ತರ: ಬೆಳಕು ಇದೆ ಎಂದರೆ ಸ್ಟ್ರಿಪ್ ತಂಟೆಗೆ ಹೋಗಬೇಡಿ. ತೊಂದರೆ ಇರುವುದು ಮದರ್‌ಬೋರ್ಡಿನಿಂದ ಗಾಜಿನವರೆಗೆ ಚಿತ್ರ ಸಾಗುವ ದಾರಿಯಲ್ಲಿ. ಮದರ್‌ಬೋರ್ಡಿನಿಂದ ಒಂದು ಚಪ್ಪಟೆ ಕೇಬಲ್ ಚಿತ್ರದ ಸಿಗ್ನಲ್ಲನ್ನು ಗಾಜಿಗೆ ಹಂಚಿಕೊಡುವ ಟೀಕಾನ್ ಬೋರ್ಡಿಗೆ ಹೋಗುತ್ತದೆ, ಅಲ್ಲಿಂದ ಎರಡು ರಿಬ್ಬನ್ ಕೇಬಲ್ ಗಾಜಿನ ಎಡ–ಬಲ ಅಂಚಿಗೆ. ತಟ್ಟಿದರೆ ಚಿತ್ರ ಬರುತ್ತದೆ ಎಂದರೆ ಎಲ್ಲೋ ಸಂಪರ್ಕ ಸಡಿಲ. ಕರಾವಳಿಯ ಉಪ್ಪುಗಾಳಿಗೆ ಕೇಬಲ್ಲಿನ ತುದಿ ಕಿಲುಬು ಹಿಡಿಯುವುದು ಸಾಮಾನ್ಯ.

ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿ ಮಾಡಿ, ಕೇಬಲ್ಲಿನ ಲಾಕ್ ಎತ್ತಿ ಹೊರಗೆ ತೆಗೆಯಿರಿ. ತುದಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ನೇರವಾಗಿ ಕೂರಿಸಿ ಲಾಕ್ ಒತ್ತಿ. ಕೂದಲೆಳೆಯಷ್ಟು ಓರೆಯಾದರೂ 12 ವೋಲ್ಟಿನ ಪಿನ್ ಪಕ್ಕದ ಸಿಗ್ನಲ್ ಪಿನ್ನಿಗೆ ತಾಗಿ ಬೋರ್ಡ್ ಸುಡಬಹುದು. ಟಿವಿ ಆನ್ ಇರುವಾಗ ಈ ಕೇಬಲ್ ಎಳೆಯಲೇಬಾರದು.

ಆಮೇಲೂ ಚಿತ್ರ ಬರದಿದ್ದರೆ ಟೀಕಾನ್ ಬೋರ್ಡಿನ ಪುಟ್ಟ ಫ್ಯೂಸ್ ನೋಡಬೇಕು. ಸಾಮಾನ್ಯವಾಗಿ 'ಎಫ್1' ಎಂಬ ಗುರುತಿರುತ್ತದೆ. ಅದರ ಎರಡೂ ಬದಿಗೆ 12 ವೋಲ್ಟ್ ಇರಬೇಕು, ಕೆಲವು ಸಣ್ಣ ಪ್ಯಾನೆಲ್‌ಗಳಲ್ಲಿ 5. ಒಂದು ಬದಿಗೆ ಮಾತ್ರ ಇದ್ದರೆ ಫ್ಯೂಸ್ ಹಾರಿದೆ. ತಂತಿ ಬೆಸೆದು ಜೋಡಿಸುವವರಿದ್ದಾರೆ, ಒಪ್ಪಬೇಡಿ. ಫ್ಯೂಸ್ ಹಾರಲು ಕಾರಣವಾದ ಶಾರ್ಟ್, ಬಹಳ ಸಲ ಒಂದು ಸಣ್ಣ ಸೆರಾಮಿಕ್ ಕೆಪಾಸಿಟರ್, ಅಲ್ಲೇ ಉಳಿದು ಈ ಸಲ ಬೋರ್ಡನ್ನೇ ತಿನ್ನುತ್ತದೆ.

ಶಾರ್ಟ್ ಟೀಕಾನ್‌ನಲ್ಲಿದೆಯೋ ಗಾಜಿನ ಅಂಚಿನಲ್ಲಿದೆಯೋ ತಿಳಿಯಲು ಒಂದು ಉಪಾಯವಿದೆ. ಸೆಟ್ ಆಫ್ ಮಾಡಿ ಗಾಜಿಗೆ ಹೋಗುವ ಎರಡು ರಿಬ್ಬನ್‌ಗಳಲ್ಲಿ ಒಂದನ್ನು ತೆಗೆದು ಆನ್ ಮಾಡಿ ನೋಡುವುದು, ಮತ್ತೆ ಆಫ್ ಮಾಡಿ ಅದನ್ನು ಹಾಕಿ ಇನ್ನೊಂದನ್ನು ತೆಗೆಯುವುದು. ಒಂದನ್ನು ತೆಗೆದಾಗ ಉಳಿದರ್ಧದಲ್ಲಿ ಚಿತ್ರ ಬಂದರೆ, ತೆಗೆದ ಬದಿಯ ಗಾಜಿನಂಚಿನಲ್ಲೇ ದೋಷ. ಯಾವ ಕಡೆಯೂ ಬರದಿದ್ದರೆ ಟೀಕಾನ್ ಅಥವಾ ಮದರ್‌ಬೋರ್ಡ್. ಈಗಿನ ಅನೇಕ ಸಣ್ಣ ಸೆಟ್‌ಗಳಲ್ಲಿ ಟೀಕಾನ್ ಬೇರೆ ಇರುವುದಿಲ್ಲ, ಮದರ್‌ಬೋರ್ಡಿನಲ್ಲೇ ಸೇರಿಕೊಂಡಿರುತ್ತದೆ.

ಪ್ರಶ್ನೆ: ಸೆಟ್‌ಟಾಪ್ ಬಾಕ್ಸ್ ಹಾಕಿದಾಗ ಮಾತ್ರ ಚಿತ್ರ ಇಲ್ಲ, ಧ್ವನಿ ಇದೆ. ಪೆನ್‌ಡ್ರೈವ್‌ನಲ್ಲಿರುವ ವಿಡಿಯೊ ಚೆನ್ನಾಗಿ ಕಾಣುತ್ತದೆ.
— ಓದುಗರೊಬ್ಬರು, ವಿಜಯಪುರ

ಉತ್ತರ: ಹಾಗಾದರೆ ಟಿವಿಗೆ ಏನೂ ಆಗಿಲ್ಲ. ಮೂರು ಬಣ್ಣದ ಎವಿ ಕೇಬಲ್ ಬಳಸುತ್ತಿದ್ದರೆ ಹಳದಿ ಪಿನ್ ನೋಡಿ. ಚಿತ್ರ ಬರುವುದು ಅದೊಂದರಲ್ಲೇ, ಕೆಂಪು–ಬಿಳಿ ಧ್ವನಿಗೆ. ಟಿವಿಯಲ್ಲಿ ಹೆಡ್‌ಫೋನ್ ತೂತಿನಂಥ ಒಂದೇ ಎವಿ ಜಾಕ್ ಇದ್ದರೆ ಅದರ ಜೊತೆ ಬಂದ ಕೇಬಲ್ಲನ್ನೇ ಬಳಸಿ. ಹೊರಗೆ ಸಿಗುವ ಕೇಬಲ್‌ಗಳಲ್ಲಿ ಒಳತಂತಿಗಳ ಕ್ರಮ ಬೇರೆ ಬೇರೆ ಇರುತ್ತದೆ, ಚಿತ್ರದ ತಂತಿ ಧ್ವನಿಯ ಜಾಗಕ್ಕೆ ಬಂದು ಗುಂಯ್ ಎನ್ನುತ್ತದೆ. ಬಾಕ್ಸ್‌ನಲ್ಲೂ ಟಿವಿಯಲ್ಲೂ ಎಚ್‌ಡಿಎಂಐ ಇದ್ದರೆ ಅದಕ್ಕೇ ಬದಲಿಸುವುದು ಒಳ್ಳೆಯದು.

ಪ್ರಶ್ನೆ: 55 ಇಂಚಿನ ಒಎಲ್‌ಇಡಿ ಟಿವಿ, ಧ್ವನಿ ಮಾತ್ರ ಇದೆ. ಟಾರ್ಚ್ ಹಾಕಿದರೂ ಏನೂ ಕಾಣುವುದಿಲ್ಲ.
— ಓದುಗರೊಬ್ಬರು, ಮೈಸೂರು

ಉತ್ತರ: ಒಎಲ್‌ಇಡಿಯಲ್ಲಿ ಬ್ಯಾಕ್‌ಲೈಟ್ ಇಲ್ಲ, ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ. ಟಾರ್ಚ್ ಪರೀಕ್ಷೆ ಅದಕ್ಕೆ ಅನ್ವಯಿಸುವುದಿಲ್ಲ. ಮೊದಲು 'ಸ್ಕ್ರೀನ್ ಆಫ್' ಅಥವಾ 'ಪಿಕ್ಚರ್ ಆಫ್' ಆಯ್ಕೆ ಅಕಸ್ಮಾತ್ ಒತ್ತಿಹೋಗಿದೆಯೇ ನೋಡಿ. ಹಾಡು ಕೇಳುವವರಿಗೆಂದು ಹಲವು ಟಿವಿಗಳಲ್ಲಿ ಈ ಸೌಲಭ್ಯ ಇರುತ್ತದೆ. ವಾಲ್ಯೂಮ್ ಬಿಟ್ಟು ಬೇರೆ ಗುಂಡಿ ಒತ್ತಿದರೆ ಸಾಮಾನ್ಯವಾಗಿ ಚಿತ್ರ ಮರಳುತ್ತದೆ. ಬರದಿದ್ದರೆ ಗೋಡೆಯ ಸಾಕೆಟ್‌ನಿಂದಲೇ ಪ್ಲಗ್ ಕಿತ್ತು, ಟಿವಿಯ ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಐದು ನಿಮಿಷ ಬಿಟ್ಟು ಹಾಕಿ. ಅದಕ್ಕೂ ಜಗ್ಗದಿದ್ದರೆ ಕಂಪನಿಯವರನ್ನೇ ಕರೆಯಿರಿ. ಈ ಪ್ಯಾನೆಲ್‌ಗಳನ್ನು ಹೊರಗೆ ಬಿಚ್ಚಿಸಬೇಡಿ.

ಪ್ರಶ್ನೆ: ಮಳೆಗಾಲದ ಮುಂಚಿನ ಸಿಡಿಲಿಗೆ ನಮ್ಮ ಟಿವಿಯಲ್ಲಿ ಚಿತ್ರ ಹೋಯಿತು, ಎಚ್‌ಡಿಎಂಐ ಕೂಡ ಕೆಲಸ ಮಾಡುತ್ತಿಲ್ಲ. ಸ್ಟೆಬಿಲೈಸರ್ ಇದ್ದೂ ಹೀಗೇಕೆ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸ್ಟೆಬಿಲೈಸರ್ ಇರುವುದು ವೋಲ್ಟೇಜ್ ಏರಿಳಿತಕ್ಕೆ. ಅದರ ರಿಲೇ ಬದಲಾಗಲು ಮಿಲಿಸೆಕೆಂಡ್‌ಗಳು ಬೇಕು, ಸಿಡಿಲಿನ ಹೊಡೆತ ಮೈಕ್ರೊಸೆಕೆಂಡ್‌ಗಳಲ್ಲಿ ಒಳಗೆ ಬಂದಿರುತ್ತದೆ. ನಿಮ್ಮಲ್ಲಿ ಎಚ್‌ಡಿಎಂಐ ಕೂಡ ಸತ್ತಿರುವುದರಿಂದ ಹೊಡೆತ ಕರೆಂಟ್ ಲೈನಿನಿಂದಲ್ಲ, ಡಿಶ್ ಕೇಬಲ್ಲಿನ ಮೂಲಕ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಟಿವಿಗೆ ಬಂದಿರುವ ಸಂಭವ ಹೆಚ್ಚು. ಪೆನ್‌ಡ್ರೈವ್‌ನಿಂದ ಚಿತ್ರ ಬರುತ್ತದೆಯೇ ನೋಡಿ. ಬಂದರೆ ಹಾನಿ ಎಚ್‌ಡಿಎಂಐ ಭಾಗಕ್ಕಷ್ಟೇ, ಎವಿ ಜಾಕ್ ಬಳಸಿ ಕಾಲ ತಳ್ಳಬಹುದು. ಬರದಿದ್ದರೆ ಮದರ್‌ಬೋರ್ಡ್ ಬದಲಿಸಬೇಕಾದೀತು. ಆಗ ಟಿವಿಯ ಮಾಡೆಲ್ ನಂಬರ್ ಜೊತೆಗೆ ಪ್ಯಾನೆಲ್ ನಂಬರನ್ನೂ ಹೊಂದಿಸಿಯೇ ಬೋರ್ಡ್ ತರಿಸಿ. ಒಂದೇ ಮಾಡೆಲ್‌ನಲ್ಲಿ ಎರಡು–ಮೂರು ಬಗೆಯ ಪ್ಯಾನೆಲ್ ಬಂದಿರುತ್ತದೆ, ಹೊಂದದಿದ್ದರೆ ಚಿತ್ರ ತಲೆಕೆಳಗಾಗಿಯೋ ಬಣ್ಣಗೆಟ್ಟೋ ಬರುತ್ತದೆ. ಮುಂದೆ ಗುಡುಗು ಕೇಳುವ ಮೊದಲೇ ಪ್ಲಗ್ ಜೊತೆ ಡಿಶ್ ಕೇಬಲ್ಲನ್ನೂ ಬಿಚ್ಚಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಪ್ರಶ್ನೆ: ಪರದೆಗೆ ನೀರು ಸಿಂಪಡಿಸಿ ಒರೆಸಿದ ಮೇಲೆ ಉದ್ದುದ್ದ ಗೆರೆಗಳು ಬಂದವು, ಈಗ ಅರ್ಧ ಪರದೆ ಕಪ್ಪು. ರಿಪೇರಿ ಸಾಧ್ಯವೇ?
— ಓದುಗರೊಬ್ಬರು, ಕೋಲಾರ

ಉತ್ತರ: ಸಿಂಪಡಿಸಿದ ನೀರು ಇಳಿದು ಕೆಳಗಿನ ಚೌಕಟ್ಟಿನೊಳಗೆ ಸೇರಿದೆ. ಅನೇಕ ಸೆಟ್‌ಗಳಲ್ಲಿ ಆ ತೆಳು ರಿಬ್ಬನ್‌ಗಳು ಗಾಜಿಗೆ ಅಂಟಿರುವುದು ಅಲ್ಲೇ. ಕೂಡಲೇ ಪ್ಲಗ್ ಕಿತ್ತಿಡಿ, ನೀರಿದ್ದಾಗ ಕರೆಂಟ್ ಹರಿದಷ್ಟೂ ಹಾನಿ ಹೆಚ್ಚು. ರಿಬ್ಬನ್ ಮತ್ತೆ ಅಂಟಿಸುವ ಬಾಂಡಿಂಗ್ ಯಂತ್ರ ದೊಡ್ಡ ಊರುಗಳ ಕೆಲವೇ ಕೇಂದ್ರಗಳಲ್ಲಿದೆ, ಕೆಲಸ ಬಾಳಿಕೆ ಬರುತ್ತದೆ ಎಂದು ಹೇಳುವಂತಿಲ್ಲ. ಟಿವಿ ದೊಡ್ಡದು, ದುಬಾರಿಯದು ಅಂದರೆ ಮಾತ್ರ ಪ್ರಯತ್ನಿಸಿ. 32 ಇಂಚಿಗೆ ಬೇಡ. ಪ್ಯಾನೆಲ್ಲನ್ನೇ ಬದಲಿಸಲು ತಗಲುವ ಹಣ ಹೊಸ ಸೆಟ್ಟಿನ ಬೆಲೆಯ ಹತ್ತಿರ ಬರುತ್ತದೆ. ಮುಂದಿನ ಟಿವಿಯನ್ನು ಒಣ ಮೈಕ್ರೊಫೈಬರ್ ಬಟ್ಟೆಯಲ್ಲಿ ಒರೆಸಿ. ಕಲೆ ಹೋಗದಿದ್ದರೆ ಬಟ್ಟೆಯನ್ನು ಒದ್ದೆ ಮಾಡಿ ಚೆನ್ನಾಗಿ ಹಿಂಡಿ, ಪರದೆಗೆ ನೇರವಾಗಿ ಏನನ್ನೂ ಸಿಂಪಡಿಸಬೇಡಿ.