ಹಳೇ ಆಂಪ್‌ಗೆ ದುಡ್ಡು ಕೊಡುವ ಮುಂಚೆ ಮಲ್ಟಿಮೀಟರ್ ಹಿಡಿಯಿರಿ

ಪ್ರಶ್ನೆ: ಸಾರ್, ಅಮೆರಿಕದಿಂದ ಅಣ್ಣ ಮ್ಯಾಗ್ನೆಪ್ಯಾನ್ ಎಲ್‌ಆರ್‌ಎಸ್ ಸ್ಪೀಕರ್ ಕಳಿಸಿದ್ದಾನೆ. ನನ್ನ ಎವಿ ರಿಸೀವರ್ 100 ವ್ಯಾಟ್‌ನದು. ವಾಲ್ಯೂಮ್ ಏರಿಸಿದರೆ ಆಫ್ ಆಗುತ್ತೆ. ಸೆಕೆಂಡ್ ಹ್ಯಾಂಡ್ ಆಡ್ಕಾಮ್ ಜಿಎಫ್‌ಎ-555 ಆಂಪ್ (ಆಂಪ್ಲಿಫೈಯರ್) ಸಿಕ್ಕಿದೆ, 120 ವೋಲ್ಟಿನದು. ಎಷ್ಟು ವ್ಯಾಟ್ ಬೇಕು? ತಗೊಳ್ಳಲಾ?
– ಓದುಗರು, ಮೈಸೂರು

ಉತ್ತರ: ‘ಎಷ್ಟು ವ್ಯಾಟ್ ಬೇಕು’ ಅಂತ ಕೇಳೋದನ್ನು ಯಾವಾಗ ಬಿಡುತ್ತೀರಿ? ಅಂಗೈಯಗಲದ ಸ್ಪೀಕರ್ ಮೇಲೆ ‘ಪಿಎಂಪಿಒ 2000 ವ್ಯಾಟ್’ ಅಂತ (ಕ್ಷಣಮಾತ್ರದ, ಉಬ್ಬಿಸಿದ ಲೆಕ್ಕ) ಚೀಟಿ ಅಂಟಿಸಿ ಮಾರಿದ ಕಾಲದ ಗುಂಗು ಇನ್ನೂ ಇಳಿದಿಲ್ಲ. ನಿಮ್ಮ ರಿಸೀವರ್‌ನ ಕೈಪಿಡಿ ತೆಗೆದು ನೋಡಿ. ಎಷ್ಟೋ ರಿಸೀವರ್‌ಗಳಲ್ಲಿ ಆ 100 ವ್ಯಾಟ್ 6 ಓಮ್‌ಗೆ (ಓಮ್ ಅಂದರೆ ಸ್ಪೀಕರ್ ಒಡ್ಡುವ ತಡೆ, ಅದು ಕಮ್ಮಿಯಾದಷ್ಟೂ ಆಂಪ್‌ಗೆ ಹೊರೆ ಜಾಸ್ತಿ), ಒಂದೇ ಚಾನೆಲ್ ಓಡಿಸಿ ಅಳೆದದ್ದು.

ಎಲ್‌ಆರ್‌ಎಸ್ 4 ಓಮ್ ಸ್ಪೀಕರ್. ಸೆನ್ಸಿಟಿವಿಟಿ (ಕೊಟ್ಟ ವಿದ್ಯುತ್ತಿಗೆ ಎಷ್ಟು ಸದ್ದು ಅನ್ನುವ ಲೆಕ್ಕ) 86 ಡಿಬಿ (ಡೆಸಿಬೆಲ್) ಅಂತ ಬರೆದಿದ್ದಾರೆ, ಆದರೆ ಅದು 2.83 ವೋಲ್ಟ್‌ಗೆ. 4 ಓಮ್‌ನಲ್ಲಿ ಅಷ್ಟು ವೋಲ್ಟ್ ಅಂದರೆ 2 ವ್ಯಾಟ್. ಒಂದು ವ್ಯಾಟ್‌ಗೆ ಸಿಗುವುದು 83 ಡಿಬಿಯೇ. ಇನ್ನು ತನಿ ಆವರ್ತನ ಹಾಕಿ. ಮೃದಂಗದ ಒಂದು ಪೆಟ್ಟು ಸರಾಸರಿ ಸದ್ದಿಗಿಂತ 15 ಡಿಬಿ ಮೇಲೆ ಏಳಬಹುದು. ಅಂದರೆ ಸುಮಾರು 30 ಪಟ್ಟು ಪವರ್. 5 ವ್ಯಾಟ್‌ನಲ್ಲಿ ಹಾಯಾಗಿ ಹಾಡುತ್ತಿದ್ದ ಆಂಪ್ ಆ ಕ್ಷಣಕ್ಕೆ 150 ವ್ಯಾಟ್ ಕೊಡಬೇಕು. ನಿಮ್ಮ ರಿಸೀವರ್ ಕೈಯೆತ್ತುವುದು ಅಲ್ಲೇ.

ಒಂದು ಪುಣ್ಯ, ಈ ಸ್ಪೀಕರ್‌ನ ಇಂಪಿಡೆನ್ಸ್ (ಅದೇ ಓಮ್ ಲೆಕ್ಕ) ಜಾಸ್ತಿ ಏರಿಳಿಯುವುದಿಲ್ಲ. ಹಳೇ ಇನ್ಫಿನಿಟಿ ಕಪ್ಪಾ 9 ಸ್ಪೀಕರ್ ಥರ 1 ಓಮ್ ಹತ್ತಿರ ಇಳಿದು ಆಂಪ್‌ನ ಪ್ರಾಣ ತಿನ್ನುವುದಿಲ್ಲ. ಹಾಗಾಗಿ ಮಾರುವವರನ್ನು ಕೇಳಬೇಕಾದದ್ದು ಇಷ್ಟೇ: 8 ಓಮ್‌ಗೆ ಎಷ್ಟು, 4 ಓಮ್‌ಗೆ ಎಷ್ಟು? ಎರಡನೆಯದು ಮೊದಲನೆಯದಕ್ಕಿಂತ ಚೆನ್ನಾಗಿ ಏರಿರಬೇಕು. ಏರಿಲ್ಲ ಅಂದರೆ ಪವರ್ ಸಪ್ಲೈ ಬಡಕಲು. 555 ಅನ್ನು ವಿನ್ಯಾಸ ಮಾಡಿದ್ದು ಹೆಸರಾಂತ ಆಂಪ್ ವಿನ್ಯಾಸಕ ನೆಲ್ಸನ್ ಪಾಸ್. 8 ಓಮ್‌ಗೆ 200, 4 ಓಮ್‌ಗೆ 325 ವ್ಯಾಟ್. ಕಾಗದದ ಮೇಲೆ ಜೋಡಿ ಸರಿಯಾಗಿದೆ.

ಆದರೆ ಆ ಆಂಪ್‌ಗೆ ಈಗ ಮೂವತ್ತು ವರ್ಷ ದಾಟಿದೆ. ಕೆಪಾಸಿಟರ್‌ಗಳು ಒಣಗಿರುತ್ತವೆ. ಮೊದಲ ಸಲ ಸೀರೀಸ್ ಬಲ್ಬ್ (ಕರೆಂಟ್ ಬರುವ ದಾರಿಯಲ್ಲಿ ಆಂಪ್ ಜೊತೆ ಸಾಲಾಗಿ ಜೋಡಿಸಿದ ಫಿಲಮೆಂಟ್ ಬಲ್ಬ್) ಹಾಕಿಯೇ ಆನ್ ಮಾಡಿ. ಬಲ್ಬ್ ಒಮ್ಮೆ ಬೆಳಗಿ ಮಂಕಾಗಬೇಕು. ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಆಮೇಲೆ ಸ್ಪೀಕರ್ ಜೋಡಿಸದೆ ಅರ್ಧ ಗಂಟೆ ಆನ್ ಇಟ್ಟು, ಔಟ್‌ಪುಟ್ ಟರ್ಮಿನಲ್‌ನಲ್ಲಿ ಡಿಸಿ (ಅಲ್ಲಿ ಇರಬಾರದ ನೇರ ವಿದ್ಯುತ್) ಮಲ್ಟಿಮೀಟರ್‌ನಲ್ಲಿ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಸರಿ. 100 ದಾಟಿದರೆ ಮಾತಾಡದೆ ಎದ್ದು ಬನ್ನಿ. ಎರಡೂ ಬದಿಯ ಹೀಟ್‌ಸಿಂಕ್ ಮುಟ್ಟಿ ನೋಡಿ, ಬಿಸಿ ಒಂದೇ ಸಮ ಇರಬೇಕು.

ಮುಚ್ಚಳ ತೆಗೆಯಲು ಬಿಡದವರ ಹತ್ತಿರ ಕೊಳ್ಳಲೇಬೇಡಿ. ‘ಫುಲ್ ಸರ್ವೀಸ್ ಆಗಿದೆ ಸಾರ್’ ಅನ್ನುವವರನ್ನು ಕಂಡರೆ ನನಗೆ ಇನ್ನೂ ಭಯ. ಔಟ್‌ಪುಟ್ ಟ್ರಾನ್ಸಿಸ್ಟರ್ ಬದಲಾಯಿಸಿದ್ದರೆ ಎಲ್ಲಿಂದ ತಂದರು ಅಂತ ಕೇಳಿ. ಆಂಪ್ ರಿಪೇರಿಯಲ್ಲಿ ದಿನಾ ಓಡಾಡುವ ತೋಷಿಬಾ ಸಿ5200, ಎ1943 ಟ್ರಾನ್ಸಿಸ್ಟರ್‌ಗಳಿಗೇ ನಕಲಿ ಎಷ್ಟು ಬೇಕಾದರೂ ಸಿಗುತ್ತವೆ. ಮೇಲಿನ ಅಚ್ಚು ಅಚ್ಚುಕಟ್ಟು, ಒಳಗಿನ ಚಿಪ್ ಚಿಕ್ಕದು. ಜೋರು ಬಿದ್ದ ದಿನ ತಾನೂ ಸುಟ್ಟು ನಿಮ್ಮ ಸ್ಪೀಕರನ್ನೂ ಸುಡುತ್ತದೆ.

120 ವೋಲ್ಟಿಗೆ ಹೇರ್ ಡ್ರೈಯರ್‌ನ ಹಗುರ ಕನ್ವರ್ಟರ್ ಹಾಕಿ ಆಂಪ್ ಕೊಲ್ಲಬೇಡಿ. ಭಾರದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರೇ ಬೇಕು, 1500 ವಿಎಗೆ (ವೋಲ್ಟ್-ಆಂಪಿಯರ್, ಅದರ ಸಾಮರ್ಥ್ಯದ ಅಳತೆ) ಕಮ್ಮಿ ಬೇಡ. ಅದೂ ವೋಲ್ಟೇಜ್ ಇಳಿಸುತ್ತದೆ ಅಷ್ಟೇ, ನಮ್ಮ 50 ಹರ್ಟ್ಸ್ ಹಾಗೇ ಉಳಿಯುತ್ತದೆ. 60 ಹರ್ಟ್ಸ್‌ಗೆ ಅಂತಲೇ ಸುತ್ತಿದ ಟ್ರಾನ್ಸ್‌ಫಾರ್ಮರ್ ಇಲ್ಲಿ ಜಾಸ್ತಿ ಬಿಸಿಯಾಗಬಹುದು, ಗುಂಯ್‌ಗುಡಬಹುದು. ನಾನಾದರೆ ಸ್ವಲ್ಪ ಕಾದು 230 ವೋಲ್ಟಿನದೇ ಹುಡುಕುತ್ತೇನೆ. ಅಂದಹಾಗೆ, ನಿಮ್ಮ ರಿಸೀವರ್‌ಗೆ ಪ್ರೀ-ಔಟ್ (ಹೊರಗಿನ ಆಂಪ್‌ಗೆ ಸಿಗ್ನಲ್ ಕೊಡುವ ಸಾಕೆಟ್) ಇದೆ ತಾನೇ?

ಪ್ರಶ್ನೆ: ಎರಡು ಆಂಪ್ ಬ್ರಿಡ್ಜ್ ಮಾಡಿ (ಒಂದೊಂದರ ಎರಡೂ ಚಾನೆಲ್ ಸೇರಿಸಿ ಒಂದು ಸ್ಪೀಕರ್‌ಗೆ ಕೊಟ್ಟು) 4 ಓಮ್ ಸ್ಪೀಕರ್ ಓಡಿಸಬಹುದಾ?
ಉತ್ತರ: ಪ್ರತಿ ಚಾನೆಲ್‌ಗೂ ಅದು 2 ಓಮ್ ಆಗಿ ಕಾಣುತ್ತದೆ. ಬೇಡ.

ಪ್ರಶ್ನೆ: 40,000 ರೂಪಾಯಿಯ ಬೆಳ್ಳಿ ಕೇಬಲ್ ಹಾಕಿದರೆ ಬಾಸ್ ಏರುತ್ತಂತೆ, ಹೌದಾ?
ಉತ್ತರ: ಮಾರಿದವರ ಬ್ಯಾಂಕ್ ಬ್ಯಾಲೆನ್ಸ್ ಏರುತ್ತದೆ. 2.5 ಚದರ ಮಿ.ಮೀ. ತಾಮ್ರದ ವೈರ್ ಸಾಕು.

ಪ್ರಶ್ನೆ: ಆಂಪ್‌ನಿಂದ ಹಮ್ (ಗುಂಯ್ ಸದ್ದು) ಬರುತ್ತಿತ್ತು. ಮೆಕ್ಯಾನಿಕ್ ಅರ್ಥ್ ಪಿನ್ ಕತ್ತರಿಸಿದ ಮೇಲೆ ನಿಂತಿದೆ. ಸರಿ ಅಲ್ವಾ?
ಉತ್ತರ: ಖಂಡಿತ ಸರಿಯಲ್ಲ. ಒಳಗೆ ವೈರ್ ಕಳಚಿದರೆ ಆ ಲೋಹದ ಮೈಯೆಲ್ಲ 230 ವೋಲ್ಟ್. ಇವತ್ತೇ ಪ್ಲಗ್ ಬದಲಾಯಿಸಿ. ಆಮೇಲೆ ಸೆಟ್‌ಟಾಪ್ ಬಾಕ್ಸ್‌ನ ಕೇಬಲ್ ಕಳಚಿ ನೋಡಿ, ಬಹಳ ಮನೆಗಳಲ್ಲಿ ಹಮ್ ಬರುವುದು ಅಲ್ಲಿಂದ.