ಊಟದ ಊರು ಕೇಳಿ, ಆಮೇಲೆ ಬಾಟಲಿ ತೆಗೆಯಿರಿ

ಓದಲಿಕ್ಕೆ, ಕೆಲಸಕ್ಕೆ, ಮಗಳ ಮನೆಗೆ ಅಂತ ಫ್ರಾನ್ಸಿಗೆ ಬಂದವರಿಂದ ಈ ಸಲ ವೈನ್ ಬಗ್ಗೆಯೇ ಪತ್ರಗಳು ಜಾಸ್ತಿ. ನಾನು ಲಿಯೋನ್ ನಗರದ ಒಂದು ಸಣ್ಣ ವೈನ್ ಅಂಗಡಿಯಲ್ಲಿ 12 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಈ ಕೆಲಸದವರನ್ನು ಇಲ್ಲಿ ಕಾವಿಸ್ತ್ ಅನ್ನುತ್ತಾರೆ. ಸಂಜೆ ಬರುವ ಗಿರಾಕಿಗೆ ನಾನು ಮೊದಲು ಕೇಳುವುದು ಕೆಂಪೋ ಬಿಳಿಯೋ ಎಂದಲ್ಲ. "ರಾತ್ರಿಗೆ ಏನು ಅಡುಗೆ?" ಎಂದು. ನಿಮ್ಮ ಪತ್ರಗಳನ್ನೂ ಹಾಗೇ ಓದಿದ್ದೇನೆ.

ಸ್ಟ್ರಾಸ್‌ಬೂರ್‌ನಿಂದ ಒಬ್ಬರು: ಆಫೀಸಿನ ನಾಲ್ವರನ್ನು ಊಟಕ್ಕೆ ಕರೆದಿದ್ದೇನೆ. ಇಲ್ಲಿಯ ಶೂಕ್ರುತ್ ತರಿಸುತ್ತಿದ್ದೇನೆ. ಹಂದಿ ಮಾಂಸ ಇರುತ್ತದಲ್ಲ, ಒಂದು ಒಳ್ಳೆಯ ಕೆಂಪು ಬೋರ್ಡೋ ತಂದರೆ ಸರಿ ಅಲ್ವಾ?

ಬೋರ್ಡೋ ಬೇಡ. ಶೂಕ್ರುತ್ ಅಂದರೆ ಉಪ್ಪು ಹಾಕಿ ಹುಳಿ ಬರಿಸಿದ ಎಲೆಕೋಸು. ಮಾಂಸ, ಸಾಸೇಜು ಎಷ್ಟೇ ಇದ್ದರೂ ಆ ತಟ್ಟೆಯ ಯಜಮಾನ ಕೋಸೇ. ಅಡುಗೆಯಲ್ಲಿ ಹುಳಿ ಇದ್ದರೆ ವೈನಿನಲ್ಲೂ ಅಷ್ಟೇ ಹುಳಿ ಇರಬೇಕು. ಇಲ್ಲದಿದ್ದರೆ ವೈನ್ ಸಪ್ಪೆ ಸಪ್ಪೆ ಅನ್ನಿಸುತ್ತದೆ. ಕೆಂಪು ಬೋರ್ಡೋದ ಒಗರು ಈ ಹುಳಿಗೆ ಸಿಕ್ಕರೆ ಬಾಯಲ್ಲಿ ಕಹಿಯೇ ಉಳಿಯುತ್ತದೆ.

ನೀವಿರುವುದು ಅಲ್ಸಾಸ್‌ನಲ್ಲಿ. ಅಲ್ಲಿಯದೇ ರೀಸ್ಲಿಂಗ್ ತನ್ನಿ. ಉದ್ದ ಕತ್ತಿನ ತೆಳ್ಳನೆಯ ಬಾಟಲಿ. ಫ್ರಾನ್ಸಿನಲ್ಲಿ ಹೆಚ್ಚಿನ ಕಡೆ ಲೇಬಲ್ ಮೇಲೆ ಊರಿನ ಹೆಸರು ಇರುತ್ತದೆ, ಅಲ್ಸಾಸ್‌ನಲ್ಲಿ ದ್ರಾಕ್ಷಿಯ ಹೆಸರು. ಹಾಗಾಗಿ ಹುಡುಕುವುದು ಸುಲಭ. 'ಸೆಕ್' ಎಂದಿದೆಯಾ ನೋಡಿ, ಅಂದರೆ ಸಿಹಿ ಇಲ್ಲದ್ದು. ಹತ್ತು ಹನ್ನೆರಡು ಯೂರೋದ್ದು ಸಾಕು.

ಆಯಾ ಊರಿನ ಅಡುಗೆಗೆ ಆಯಾ ಊರಿನ ವೈನ್ ಎನ್ನುವುದು ಅಭಿಮಾನದ ಮಾತಷ್ಟೇ ಅಲ್ಲ. ರೈಲು ಬರುವ ತನಕ ಹೆಚ್ಚಿನ ವೈನ್ ಹುಟ್ಟಿದ ಜಾಗದ ಸುತ್ತಮುತ್ತಲೇ ಖರ್ಚಾಗುತ್ತಿತ್ತು. ಒಂದೇ ಮೇಜಿನ ಮೇಲೆ ನೂರಾರು ವರ್ಷ ಎರಡೂ ಜೊತೆಗಿದ್ದವು. ಅಡುಗೆಯವರು ವೈನ್ ನೋಡಿ ಅಡುಗೆ ತಿದ್ದಿದರು, ವೈನ್ ಮಾಡುವವರು ಅಡುಗೆ ನೋಡಿ ವೈನ್ ತಿದ್ದಿದರು. ಏನೂ ಗೊತ್ತಿಲ್ಲದಾಗ ಈ ದಾರಿ ಹಿಡಿದವರು ಕೆಟ್ಟಿದ್ದನ್ನು ನಾನು ಕಂಡಿಲ್ಲ.

ನಾಂತ್‌ನಿಂದ ಒಬ್ಬ ತಾಯಿ: ಕ್ರಿಸ್‌ಮಸ್‌ಗೆ ಅಳಿಯನ ಕಡೆಯವರು ಹಸಿ ಸಿಂಪಿ ತರುತ್ತಾರಂತೆ. ಷಾಂಪೇನೇ ಬೇಕಾ? ತುಂಬಾ ದುಬಾರಿ.

ಬೇಡಮ್ಮಾ. ನಿಮ್ಮ ಊರಿನ ಹೊರವಲಯದಲ್ಲೇ ಮುಸ್ಕಾದೆ ಎನ್ನುವ ಬಿಳಿ ವೈನ್ ಮಾಡುತ್ತಾರೆ. ಏಳೆಂಟು ಯೂರೋಗೆ ಒಳ್ಳೆಯದೇ ಸಿಗುತ್ತದೆ. ಲೇಬಲ್ ಮೇಲೆ 'ಸುರ್ ಲೀ' ಎಂದಿರುವುದನ್ನು ಆರಿಸಿ. ಲೀ ಅಂದರೆ ಗಷ್ಟು. ಕೆಲಸ ಮುಗಿಸಿದ ಯೀಸ್ಟ್ ಪೀಪಾಯಿಯ ತಳ ಸೇರುತ್ತದೆ. ಚಳಿಗಾಲ ಪೂರ್ತಿ ವೈನನ್ನು ಆ ಗಷ್ಟಿನ ಮೇಲೇ ಬಿಟ್ಟು, ಆಮೇಲೆ ಬಾಟಲಿಗೆ ತುಂಬುತ್ತಾರೆ. ಅದರಿಂದ ವೈನಿಗೆ ಸ್ವಲ್ಪ ದಪ್ಪ ಬರುತ್ತದೆ, ನಾಲಿಗೆಯ ಮೇಲೆ ಸಣ್ಣಗೆ ಚುರುಗುಡುತ್ತದೆ. ಸಿಂಪಿಯ ಉಪ್ಪುನೀರಿಗೆ ಅದು ನಿಂಬೆ ಹಿಂಡಿದ ಹಾಗೆ.

ಇದರ ದ್ರಾಕ್ಷಿ ನಿಮ್ಮ ಊರಿನದ್ದಲ್ಲ, ಬರ್ಗಂಡಿಯಿಂದ ಬಂದದ್ದು. 1709ರ ಭೀಕರ ಚಳಿಗೆ ನಿಮ್ಮ ನಾಂತ್ ಕಡೆಯ ಬಳ್ಳಿಗಳು ಸತ್ತುಹೋದ ಮೇಲೆ, ಚಳಿ ತಡೆಯುತ್ತದೆ ಎಂದು ಇದನ್ನು ಅಲ್ಲೆಲ್ಲ ನೆಟ್ಟರು. ನಿಮ್ಮ ಅಳಿಯನ ಕಡೆಯವರು ನಾಂತ್‌ನವರೇ ಆದರೆ ಮುಸ್ಕಾದೆ ಕಂಡು ಖುಷಿಯೇ ಪಡುತ್ತಾರೆ.

ಲಿಯೋನ್‌ನಿಂದ ಒಬ್ಬ ವಿದ್ಯಾರ್ಥಿ: ರೆಸ್ಟೋರೆಂಟಿನಲ್ಲಿ ಬಾಟಲಿ ತೆಗೆದು ನನ್ನ ಗ್ಲಾಸಿಗೆ ಒಂದು ಗುಟುಕು ಸುರಿದು ನಿಂತುಬಿಡುತ್ತಾರೆ. ಏನು ಹೇಳಬೇಕು? ಮೇಜಿನಲ್ಲಿ ಒಬ್ಬರಿಗೆ ಮೀನು, ಒಬ್ಬರಿಗೆ ಮಾಂಸ ಇದ್ದರೆ ಯಾವುದು ತರಿಸಬೇಕು?

ಆ ಗುಟುಕು ಸುರಿಯುವುದು ವೈನ್ ನಿಮಗೆ ಇಷ್ಟವಾಯಿತಾ ಎಂದು ಕೇಳಲಿಕ್ಕಲ್ಲ, ಬಾಟಲಿ ಕೆಟ್ಟಿದೆಯಾ ಎಂದು ನೋಡಲಿಕ್ಕೆ. ಕುಡಿಯುವುದೂ ಬೇಡ, ಮೂಸಿದರೆ ಸಾಕು. ನೆನೆದ ರಟ್ಟಿನ ವಾಸನೆ, ಮಳೆಯಲ್ಲಿ ತೊಯ್ದ ಗೋಣಿಚೀಲದ ವಾಸನೆ ಬಂದರೆ ಕಾರ್ಕಿನಿಂದ ವೈನ್ ಕೆಟ್ಟಿದೆ ಎಂದರ್ಥ. ಆರೋಗ್ಯಕ್ಕೆ ತೊಂದರೆ ಇಲ್ಲ, ಆದರೆ ಹಣ್ಣಿನ ಪರಿಮಳ ಎಲ್ಲ ಸತ್ತಿರುತ್ತದೆ.

ನಾನು ಬಂದ ಹೊಸದರಲ್ಲಿ ಬರ್ಗಂಡಿಯ ಬೋನ್ ಪಟ್ಟಣದ ಒಂದು ರೆಸ್ಟೋರೆಂಟಿಗೆ ಗೆಳತಿಯ ಹುಟ್ಟುಹಬ್ಬಕ್ಕೆ ಹೋಗಿದ್ದೆ. 48 ಯೂರೋ ಬಾಟಲಿ. ಮೂಸಿದ ಕೂಡಲೇ ಒದ್ದೆ ರಟ್ಟು. ಸ್ವಲ್ಪ ಅನುಮಾನದಿಂದ ಹೇಳಿದೆ. ಬಡಿಸುವವರು ಮೂಸದೆಯೇ "ಈ ವೈನ್ ಇರುವುದೇ ಹೀಗೆ" ಎಂದರು. ನಾನು ಸುಮ್ಮನಾದೆ. ನಾಲ್ಕು ಜನರ ಗ್ಲಾಸೂ ಹಾಗೇ ಉಳಿಯಿತು, ದುಡ್ಡು ಕೊಟ್ಟು ಬಂದೆವು. ಗೆಳತಿ ಏನೂ ಅನ್ನಲಿಲ್ಲ, ಆದರೆ ಆ ತುಂಬಿದ ಗ್ಲಾಸುಗಳು ಇವತ್ತಿಗೂ ಕಣ್ಣ ಮುಂದಿವೆ.

ಅದಕ್ಕೇ ಹೇಳುತ್ತೇನೆ, ಈ ಒಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ: "ಜ ಕ್ರ್ವಾ ಕಿಲ್ ಎ ಬುಶೊನೆ." ಕಾರ್ಕಿನಿಂದ ಕೆಟ್ಟಿದೆ ಅನ್ನಿಸುತ್ತದೆ ಎಂದರ್ಥ. "ನೀವೂ ಒಮ್ಮೆ ಮೂಸಿ ನೋಡಿ" ಎಂದು ಗ್ಲಾಸು ಅವರ ಕಡೆ ಸರಿಸಿ. ಒಳ್ಳೆಯ ಜಾಗದಲ್ಲಿ ಮರುಮಾತಿಲ್ಲದೆ ಬೇರೆ ಬಾಟಲಿ ತರುತ್ತಾರೆ.

ಮೀನು, ಮಾಂಸ ಎರಡೂ ಇದ್ದರೆ ಬೊಜೋಲೆ ಎನ್ನುವ ಕೆಂಪು ವೈನ್ ಕೇಳಿ. ನಿಮ್ಮ ಊರಿನ ಪಕ್ಕದ್ದೇ. ಗಮೇ ದ್ರಾಕ್ಷಿ, ಹಣ್ಣಿನ ರುಚಿ ಜಾಸ್ತಿ, ಒಗರು ಕಡಿಮೆ. ಸ್ವಲ್ಪ ತಣ್ಣಗೆ ಮಾಡಿ ಕೊಡಿ ಎನ್ನಿ. ಲಿಯೋನ್‌ನ ಬುಶೋಂ ಎನ್ನುವ ಹಳೆಯ ಊಟದ ಮನೆಗಳಲ್ಲಿ ಇದನ್ನು 'ಪೋ' ಎನ್ನುವ ದಪ್ಪ ತಳದ ಬಾಟಲಿಯಲ್ಲಿ ತಂದಿಡುತ್ತಾರೆ. 46 ಸೆಂಟಿಲೀಟರ್ ಹಿಡಿಯುತ್ತದೆ, ಇಬ್ಬರಿಗೆ ಅದೇ ಸರಿಯಾದ ಅಳತೆ. ಬಾಟಲಿ ಬೇಡವಾದರೆ ಅವರವರ ತಟ್ಟೆಗೆ ತಕ್ಕ ಹಾಗೆ ಗ್ಲಾಸಿನ ಲೆಕ್ಕದಲ್ಲಿ ತರಿಸಿ.

ಇನ್ನೊಂದು. ಅಂಗಡಿಯಲ್ಲಿ 10 ಯೂರೋ ಇರುವುದು ರೆಸ್ಟೋರೆಂಟಿನಲ್ಲಿ 30 ಆಗಬಹುದು. ಬಾಯಿಬಿಟ್ಟು ಬೆಲೆ ಹೇಳಲು ಮುಜುಗರ ಆದರೆ, ಪಟ್ಟಿಯಲ್ಲಿ ನಿಮಗೆ ಒಗ್ಗುವ ಬೆಲೆಯ ಮೇಲೆ ಬೆರಳಿಟ್ಟು "ಇಂಥದ್ದು ಏನಾದರೂ" ಎನ್ನಿ. ಅವರಿಗೆ ಅರ್ಥವಾಗುತ್ತದೆ. ಊಟದ ಜೊತೆ ನಲ್ಲಿ ನೀರಿನ ಹೂಜಿಗೆ ದುಡ್ಡಿಲ್ಲ, ಧೈರ್ಯವಾಗಿ ಕೇಳಿ.

ನೀಸ್‌ನಿಂದ ಒಬ್ಬರು: ರೋಜೆ, ಅಂದರೆ ಗುಲಾಬಿ ಬಣ್ಣದ ವೈನ್, ಬರೀ ಬೇಸಿಗೆಯ ಪಾನೀಯವಾ?

ಅಲ್ಲ. ಬಾಂದೋಲ್ ಅಥವಾ ತಾವೆಲ್ ಊರಿನ ರೋಜೆ ತಂದು, ಬೆಳ್ಳುಳ್ಳಿ, ಟೊಮೆಟೊ, ಆಲಿವ್ ಎಣ್ಣೆ ಧಾರಾಳವಾಗಿ ಬಿದ್ದ ಅಡುಗೆಯ ಜೊತೆ ಚಳಿಯಲ್ಲೂ ಕುಡಿದು ನೋಡಿ. ತಾವೆಲ್ ಹೆಸರಿನಲ್ಲಿ ಬರುವುದೇ ರೋಜೆ ಮಾತ್ರ.

ಪ್ಯಾರಿಸ್‌ನಿಂದ ಒಬ್ಬ ದಂಪತಿ: ಊಟ ಮುಗಿದ ಮೇಲೆ ಚೀಸ್ ತಟ್ಟೆ ಇಡುತ್ತೇವೆ, ಜೊತೆಗೆ ಕೆಂಪು ವೈನ್. ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ನಮಗೆ ಪ್ರತಿ ಸಲ ವೈನ್ ಕಹಿ ಅನ್ನಿಸುತ್ತದೆ. ತಪ್ಪು ನಾಲಿಗೆಯದ್ದಾ?

ನಿಮ್ಮ ನಾಲಿಗೆ ಸರಿಯಾಗಿಯೇ ಇದೆ. ಚೀಸಿಗೆ ಕೆಂಪು ವೈನ್ ಎನ್ನುವುದು ಇಲ್ಲಿ ಬೇರೂರಿದ ಅಭ್ಯಾಸ. ಮುಖ್ಯ ಊಟಕ್ಕೆ ತೆಗೆದ ಕೆಂಪು ಬಾಟಲಿ ಉಳಿದಿರುತ್ತದೆ, ಚೀಸಿನ ಜೊತೆ ಅದನ್ನೇ ಮುಗಿಸುತ್ತಾರೆ, ಅಷ್ಟೇ. ಚೀಸಿನ ಉಪ್ಪು, ಕೊಬ್ಬು ಕೆಂಪು ವೈನಿನ ಹಣ್ಣಿನ ರುಚಿಯನ್ನು ಮುಚ್ಚಿಬಿಡುತ್ತವೆ. ಉಳಿಯುವುದು ಒಗರು. ಬ್ರೀ ಥರದ ಬಿಳಿ ಸಿಪ್ಪೆಯ ಚೀಸಾದರೆ ಲೋಹದ ರುಚಿ ಬೇರೆ.

ಬಿಳಿ ವೈನಿಗೆ ಬನ್ನಿ. ನನ್ನ ಅಭಿಪ್ರಾಯ ಬದಲಾಗಿದ್ದು ಜುರಾ ಬೆಟ್ಟದ ಕೆಳಗಿನ ಆರ್ಬ್ವಾ ಎಂಬ ಊರಿನಲ್ಲಿ, ಒಂದು ಫೆಬ್ರವರಿ ತಿಂಗಳು. ವೈನ್ ಮಾಡುವ ಒಬ್ಬ ಹಿರಿಯರು ನೆಲಮಾಳಿಗೆಗೆ ಕರೆದೊಯ್ದು ಜೇಬಿನ ಚಾಕುವಿನಿಂದ ಕೊಂತೆ ಚೀಸಿನ ಒಂದು ತುಂಡು ಕತ್ತರಿಸಿ ಕೊಟ್ಟರು. ಎರಡು ವರ್ಷ ಮಾಗಿದ್ದು. ಹಲ್ಲಿಗೆ ಉಪ್ಪಿನ ಹರಳಿನ ಹಾಗೆ ಏನೋ ಕಟುಕ್ಕೆಂದಿತು. ಅದು ಉಪ್ಪಲ್ಲ, ಚೀಸ್ ಮಾಗುವಾಗ ಕೂಡಿಕೊಳ್ಳುವ ಟೈರೋಸಿನ್ ಹರಳು. ಅದನ್ನು ಅಗಿಯುತ್ತಿರುವಾಗಲೇ ಗ್ಲಾಸಿಗೆ ವ್ಯಾಂ ಜೋನ್ ಸುರಿದರು. ಹಳದಿ ವೈನ್ ಎಂದರ್ಥ.

ಮೂಗಿಗೆ ಬಡಿದದ್ದು ಏನು ಗೊತ್ತಾ? ಮೊದಲು ಆಕ್ರೋಟು, ಹಿಂದೆಯೇ ಮೆಂತ್ಯ. ನಿಜವಾಗಿಯೂ ಮೆಂತ್ಯ. ಮೆಂತ್ಯದ ಘಮಕ್ಕೆ ಕಾರಣವಾದ ಸೊಟೊಲಾನ್ ಎಂಬ ವಸ್ತು ಈ ವೈನಿನಲ್ಲೂ ಇದೆ. ಸವಾನ್ಯಾಂ ದ್ರಾಕ್ಷಿಯ ವೈನನ್ನು ಪೀಪಾಯಿಗೆ ತುಂಬಿ ಆರು ವರ್ಷಕ್ಕೂ ಮೇಲೆ ಬಿಡುತ್ತಾರೆ. ಆವಿಯಾಗಿ ಕಡಿಮೆಯಾದರೂ ಮೇಲೆ ಸುರಿದು ತುಂಬಿಸುವುದಿಲ್ಲ. ಹಾಲಿನ ಕೆನೆಯ ಹಾಗೆ ಯೀಸ್ಟಿನ ಪದರ ಕಟ್ಟಿಕೊಂಡು ವೈನನ್ನು ಗಾಳಿಯಿಂದ ಕಾಯುತ್ತದೆ. ಒಂದು ಲೀಟರಿಗೆ ಕೊನೆಗೆ 62 ಸೆಂಟಿಲೀಟರ್ ಉಳಿಯುತ್ತದೆ ಎನ್ನುವುದು ಅಲ್ಲಿಯ ಲೆಕ್ಕ. ಅದಕ್ಕೇ ಅದರ ಗಿಡ್ಡ ಬಾಟಲಿ, ಕ್ಲಾವ್ಲಾಂ, 62 ಸೆಂಟಿಲೀಟರಿನದ್ದು. ಕೊಂತೆಯ ಬೆಣ್ಣೆ, ಉಪ್ಪು, ವೈನಿನ ಹುಳಿ, ಆಕ್ರೋಟು ಎಲ್ಲ ಬಾಯಲ್ಲಿ ಒಂದಾದವು. ಯಾವುದು ಚೀಸ್, ಯಾವುದು ವೈನ್ ಎಂದು ಬೇರೆ ಮಾಡಲಿಕ್ಕೇ ಆಗಲಿಲ್ಲ. ಹಿರಿಯರು ನನ್ನ ಮುಖ ನೋಡಿ ಮಾತಿಲ್ಲದೆ ಇನ್ನೊಂದು ತುಂಡು ಕತ್ತರಿಸಿದರು.

ಬೆಲೆ 40 ಯೂರೋ ಆಸುಪಾಸು, ಸಣ್ಣದಲ್ಲ. ಆದರೆ ತೆರೆದ ಮೇಲೂ ವಾರಗಟ್ಟಲೆ ಕೆಡುವುದಿಲ್ಲ. ಫ್ರಿಜ್ಜಿನಷ್ಟು ತಣ್ಣಗೆ ಮಾಡಬೇಡಿ, ಘಮ ಮುದುಡುತ್ತದೆ.

ಉಳಿದ ಚೀಸುಗಳಿಗೆ ಬೇಗ ಹೇಳಿಬಿಡುತ್ತೇನೆ. ಶವಿನ್ಯೋಲ್‌ನ ಮೇಕೆ ಹಾಲಿನ ಚೀಸಿಗೆ ಸಾನ್ಸೆರ್ ಬಿಳಿ, ಆ ಹಳ್ಳಿ ಇರುವುದೇ ಸಾನ್ಸೆರ್ ದ್ರಾಕ್ಷಿ ತೋಟಗಳ ನಡುವೆ. ಕಟುವಾಸನೆಯ ಮುನ್‌ಸ್ಟೆರ್‌ಗೆ ಗುಲಾಬಿ ಘಮದ ಗೆವುರ್ಟ್ಸ್‌ಟ್ರಾಮಿನರ್. ರೋಕ್‌ಫೋರ್‌ಗೆ ಸಿಹಿಯಾದ ಸೊತೆರ್ನ್. ಇಲ್ಲಿ ಮಾತ್ರ ಊರಿನ ಲೆಕ್ಕ ತಪ್ಪುತ್ತದೆ, ಎರಡೂ ಊರುಗಳು ಬಲು ದೂರ. ಉಪ್ಪಿಗೆ ಸಿಹಿ ಬೇಕಾಯಿತು, ಅಲ್ಲಿಂದ ತಂದರು. ಕಮಾಂಬೇರ್‌ಗೆ ಅದು ಹುಟ್ಟಿದ ನಾರ್ಮಂಡಿಯ ಸೇಬಿನ ಸಿಡ್ರ್ ಒಳ್ಳೆಯದು. ಅದು ಸೇಬಿನ ತೋಟಗಳ ನಾಡು.

ತುಲೂಸ್‌ನಿಂದ ಒಬ್ಬರು: ಕಾಸೂಲೆಗೆಂದು ಮಾದಿರಾಂ ಎನ್ನುವ ಕೆಂಪು ವೈನ್ ಕೊಂಡೆ. ಒಂದು ಗುಟುಕಿಗೇ ಬಾಯಿ ಒಣಗಿತು, ಕಾಯಿ ಬಾಳೆ ಕಚ್ಚಿದ ಹಾಗೆ. ಮೋಸ ಹೋದೆನಾ?

ಊಟಕ್ಕೆ ಮೊದಲೇ ಕುಡಿದಿರಬೇಕು. ಮಾದಿರಾಂ ಮಾಡುವ ತನ್ನಾ ದ್ರಾಕ್ಷಿಯಲ್ಲಿ ಒಗರು ವಿಪರೀತ. ಬರಿಬಾಯಲ್ಲಿ ಆ ಒಗರು ಜೊಲ್ಲಿನ ಪ್ರೋಟೀನನ್ನೇ ಹಿಡಿದುಕೊಳ್ಳುತ್ತದೆ, ಅದಕ್ಕೇ ನಾಲಿಗೆ ಒಣಗುವುದು. ಕಾಸೂಲೆಯಲ್ಲಿ ಬಾತುಕೋಳಿಯ ಕೊಬ್ಬು, ಸಾಸೇಜು, ಗಂಟೆಗಟ್ಟಲೆ ಬೆಂದ ಬಿಳಿ ಬೀನ್ಸ್ ಇರುತ್ತವೆ. ಒಂದು ತುತ್ತು ತಿಂದು, ಆಮೇಲೆ ಗುಟುಕರಿಸಿ. ಒಗರು ಆ ಜಿಡ್ಡನ್ನು ತೊಳೆಯುತ್ತದೆ, ಜಿಡ್ಡು ಒಗರನ್ನು ಪಳಗಿಸುತ್ತದೆ. ಬಾಟಲಿಯನ್ನು ಎರಡು ಗಂಟೆ ಮೊದಲು ಅಗಲ ಬಾಯಿಯ ಹೂಜಿಗೆ ಸುರಿದಿಡಿ. ಆದರೂ ಒಗ್ಗದಿದ್ದರೆ ನಿಮ್ಮ ಊರಿನ ಉತ್ತರಕ್ಕಿರುವ ಫ್ರೋಂತೋನ್ ವೈನ್ ತನ್ನಿ. ನೆಗ್ರೆತ್ ದ್ರಾಕ್ಷಿ, ಮೃದು.

ಗ್ರೆನೋಬ್ಲ್‌ನಿಂದ ಒಬ್ಬರು: ನಾನು ಕುಡಿಯುವುದಿಲ್ಲ. ಗ್ಲಾಸು ಎತ್ತುವಾಗ ಏನು ಮಾಡಲಿ?

ನೀರಿನ ಗ್ಲಾಸು ಎತ್ತಿ, ಎದುರಿನವರ ಕಣ್ಣು ನೋಡಿ "ಸಾಂತೆ" ಎನ್ನಿ. ಕಾರಣ ಹೇಳುವ ಅಗತ್ಯವೇ ಇಲ್ಲ. ಕಾರು ಓಡಿಸುವವರೂ ಇದನ್ನೇ ಮಾಡಬೇಕು. ಇಲ್ಲಿಯ ಮಿತಿ ರಕ್ತದ ಲೀಟರಿಗೆ 0.5 ಗ್ರಾಂ, ಲೈಸೆನ್ಸ್ ಹೊಸದಾದರೆ 0.2.

ರೇಂಸ್‌ನಿಂದ ಒಬ್ಬರು: ಮಗನ ಹುಟ್ಟುಹಬ್ಬದ ಕೇಕಿಗೆ ಬ್ರುತ್ ಷಾಂಪೇನ್ ತೆಗೆದೆವು. ಹುಳಿ ಹುಳಿ ಅನ್ನಿಸಿತು. ಯಾಕೆ?

ಬ್ರುತ್ ಅಂದರೆ ಸಿಹಿ ತೀರಾ ಕಡಿಮೆ ಇರುವುದು. ಕೇಕಿನ ಸಿಹಿಗೆ ಬ್ರುತ್‌ನ ಇದ್ದಷ್ಟು ಸಿಹಿಯೂ ಕಾಣದಾಗುತ್ತದೆ, ಹುಳಿ ಮಾತ್ರ ಎದ್ದು ನಿಲ್ಲುತ್ತದೆ. ಸಿಹಿತಿಂಡಿಗಿಂತ ವೈನ್ ಒಂದು ಕೈ ಹೆಚ್ಚು ಸಿಹಿ ಇರಬೇಕು. ಹಣ್ಣಿನ ಕೇಕಿಗೆ ಬ್ರುತ್‌ಗಿಂತ ಸಿಹಿಯಾದ 'ದೆಮಿ ಸೆಕ್' ಷಾಂಪೇನ್ ಕೇಳಿ. ಚಾಕೊಲೇಟ್ ಕೇಕಾದರೆ ಸ್ಪೇನ್ ಗಡಿಯ ಬಾನ್ಯುಲ್ಸ್ ವೈನ್, ಅದರ ಒಣಹಣ್ಣಿನ ರುಚಿ ಚಾಕೊಲೇಟಿಗೆ ಹೇಳಿ ಮಾಡಿಸಿದ್ದು. ಉಳಿದ ಬ್ರುತ್ ಬಾಟಲಿಗಳನ್ನು ಮುಂದಿನ ಸಲ ನೆಂಟರು ಬಂದ ಕೂಡಲೇ, ಉಪ್ಪು ಹಾಕಿ ಹುರಿದ ಬಾದಾಮಿಯ ಜೊತೆ ತೆಗೆಯಿರಿ.